ಟರ್ಬೊ ಕಾರಿನ ಗಣಪ ಯಾವ ಕಡೆ ನೋಡಬೇಕು?

ಟರ್ಬೊ ಕಾರಿಗೆ ಹೇಳಿ ಮಾಡಿಸುವ ಕಂಪ್ಯೂಟರಿನಲ್ಲಿ ಏನೇನು ಸೌಲಭ್ಯ ಇರಬೇಕು ಎಂದು ಶಿಡ್ಲಘಟ್ಟದಲ್ಲಿ ಯಾರಿಗಾದರೂ ಅನುಮಾನ ಬಂದರೆ ಧಾರಾಳವಾಗಿ ನನ್ನನ್ನು ಕೇಳಬಹುದು. ಇದುವರೆಗೆ ಕೇಳಿದವರು ಒಬ್ಬರೇ. ಆದರೂ ನಾನು ತಯಾರಾಗಿದ್ದೇನೆ.

ಹೇಳಿ ಮಾಡಿಸುವುದರಲ್ಲಿ ನನಗೆ ಅನುಭವವಿದೆ. ಮದುವೆಯಾದಾಗಿನಿಂದ ರವಿಕೆ ಹೊಲಿಸುತ್ತಿದ್ದೇನೆ. ತೋಳು ಎಷ್ಟುದ್ದ, ಕೊಕ್ಕೆ ಮುಂದೋ ಹಿಂದೋ ಎಂದು ಮೊದಲೇ ಬಿಡಿಸಿ ಹೇಳದಿದ್ದರೆ ಟೈಲರ್ ತನಗೆ ತೋಚಿದ್ದನ್ನು ಹೊಲಿದು, "ಈಗ ಇದೇ ಫ್ಯಾಷನ್ ಅಕ್ಕ" ಎಂದು ಕೈಗಿಡುತ್ತಾನೆ. ಎಂಜಿನ್ನಿನ ಕಂಪ್ಯೂಟರಾದರೂ ಅಷ್ಟೇ ತಾನೇ ಎಂದುಕೊಂಡೆ. ನನ್ನ ಪತನ ಶುರುವಾದದ್ದು ಅಲ್ಲಿಂದಲೇ!

ನಮ್ಮವರದು ಗೊಬ್ಬರದ ಅಂಗಡಿ. ದಿನವಿಡೀ ಅಲುಗಾಡದ ಮೂಟೆಗಳ ನಡುವೆ ಅಲುಗಾಡದೆ ಕೂತಿರುತ್ತಾರೆ. ಅದಕ್ಕೇ ಇರಬೇಕು, ಸ್ಟೇರಿಂಗು ಸಿಕ್ಕಿದರೆ ಮೈಮೇಲೆ ಏನೋ ಬಂದವರ ಹಾಗೆ ಆಡುತ್ತಾರೆ. ಮನುಷ್ಯ ಬಲು ಸಾಧು. ಬೀಡಿಯಿಲ್ಲ, ಇಸ್ಪೀಟಿಲ್ಲ, ಸುಳ್ಳು ಹೇಳಲು ಬರುವುದಿಲ್ಲ. ಏನಾದರೂ ಮುಚ್ಚಿಡಬೇಕಾದರೆ ಒಣ ಕೆಮ್ಮು ಬರುತ್ತದೆ. ಇಂಥ ಗಂಡನನ್ನು ಕೊಟ್ಟ ದೇವರಿಗೆ ನಾನು ದಿನವೂ ಕೈ ಮುಗಿಯುತ್ತೇನೆ. ಕಾರಿನಲ್ಲಿ ಕೂತ ದಿನ ಎರಡು ಸಲ ಮುಗಿಯುತ್ತೇನೆ.

ಅವರು ಕೊಂಡದ್ದು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು, ಟರ್ಬೊ ಇರುವಂಥದ್ದು. ನಿಧಾನ ನಿಧಾನ ಎಂದು ನಾನು ಎಷ್ಟು ಬಡಿದುಕೊಂಡರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಚಿಂತಾಮಣಿ ರಸ್ತೆಯಲ್ಲಿ ಅವರು ಒಂದು ಬಸ್ಸನ್ನು ಹಿಂದೆ ಹಾಕಿದರೆ ನಾನು ಆಂಜನೇಯನಿಗೆ ಒಂದು ತೆಂಗಿನಕಾಯಿ ಹರಕೆ ಹೊರುತ್ತಿದ್ದೆ. ಕೊನೆಗೆ ಚೀಲ ನೋಡಿಯೇ ಪೂಜಾರಪ್ಪ ಕೇಳತೊಡಗಿದರು: "ಏನಮ್ಮ, ಈ ವಾರ ಬಲು ದೂರ ಹೋಗಿದ್ರಾ?"

ಇಷ್ಟಾದರೂ ನಮ್ಮವರಿಗೆ ಕಾರಿನ ಮೇಲೆ ಅಸಮಾಧಾನ. "ಏರು ಬಂದ್ರೆ ಎಳಿಯಲ್ಲ ಕಣೇ. ಟರ್ಬೊ ಏಳೋದೇ ಲೇಟು. ಎದ್ಮೇಲೆ ಒಂದೇ ಸಲ ನುಗ್ಗುತ್ತೆ."

"ನಿಮ್ಮ ಹಾಗೇನೇ," ಎಂದೆ. ಕೇಳಿಸಲಿಲ್ಲವೆಂದು ಕಾಣುತ್ತದೆ. ಪುಣ್ಯ!

ಒಂದು ಭಾನುವಾರ ಚಿಕ್ಕಬಳ್ಳಾಪುರದ ಅಬ್ಬಾಸ್ ಭಾಯ್ ಗ್ಯಾರೇಜಿಗೆ ಹೋದೆವು. ಅಬ್ಬಾಸ್ ಭಾಯ್ ಅಲೀಪುರದವರು. ನಗುತ್ತಾ ಮಾತಾಡುವ ಮನುಷ್ಯ, ಗಡ್ಡ ಕೆರೆದುಕೊಂಡರೆ ಯೋಚನೆ ಮಾಡುತ್ತಿದ್ದಾರೆಂದು ಅರ್ಥ.

"ಕಂಪನಿ ಕಂಪ್ಯೂಟರ್‌ನಾಗೆ ಅವರು ಬರೆದಿದ್ದೇ ಲೆಕ್ಕ ಸಾರ್. ಬೆಂಗ್ಳೂರಾಗೆ ನಮ್ಮೋರೊಬ್ಬರು ಅವ್ರೆ, ರೇಸ್ ಗಾಡಿಗೆಲ್ಲ ಹೇಳ್ದಂಗೆ ಮಾಡ್ಕೊಡ್ತಾರೆ. ನಿಮಗೇನೇನು ಬೇಕೋ ಈಗ್ಲೇ ಹೇಳ್ಬಿಡಿ."

ನಮ್ಮವರು ಮದುವೆಯ ಊಟಕ್ಕೆ ಕೂತವರ ಹಾಗೆ ಒಂದೊಂದೇ ಕೇಳತೊಡಗಿದರು. ಊರೊಳಗೆ ಓಡಿಸಲು ಒಂದು ಪ್ರೋಗ್ರಾಂ, ಹೈವೇಗೆ ಇನ್ನೊಂದು. ಒಂದನೇ ಗೇರಿನಲ್ಲಿ ಟರ್ಬೊ ಕಡಿಮೆ, ಮೂರನೆಯದರಲ್ಲಿ ಜಾಸ್ತಿ. ಹೊಗೆ ಕಪ್ಪಗೆ ಬರಬಾರದು. ನನಗೆ ಕುತೂಹಲ ತಡೆಯಲಾಗಲಿಲ್ಲ.

"ಅಬ್ಬಾಸಣ್ಣ, ಮೊದಲು ಟರ್ಬೊ ಅಂದ್ರೇನು ಹೇಳಿ."

"ಸುಲಭ ಅಕ್ಕಾ. ಎಂಜಿನ್‌ನಿಂದ ಹೊಗೆ ಹೊರಗೆ ಹೋಗುತ್ತಲ್ಲ, ಆ ರಭಸಕ್ಕೆ ಒಂದು ಫ್ಯಾನ್ ತಿರುಗುತ್ತೆ. ಅದು ತಿರುಗಿದ್ರೆ ಇನ್ನೊಂದು ಫ್ಯಾನು ಎಂಜಿನ್ ಒಳಗೆ ಗಾಳಿ ತುಂಬುತ್ತೆ. ಗಾಳಿ ಜಾಸ್ತಿ, ಉರಿ ಜಾಸ್ತಿ."

"ಅಂದ್ರೆ ಒಲೆ ತನ್ನ ಹೊಗೇಲಿ ತಾನೇ ಊದುಗೊಳವೆ ಊದ್ಕೊಂಡಂಗೆ!"

ಅಬ್ಬಾಸ್ ಭಾಯ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಹಂಗೇ ಅಕ್ಕಾ! ಎಷ್ಟು ಊದ್ಬೇಕು, ಎಷ್ಟು ಡೀಸೆಲ್ ಹಾಕ್ಬೇಕು ಅಂತ ನೋಡ್ಕೊಳ್ಳೋದು ಕಂಪ್ಯೂಟರ್."

"ಹಾಗಾದ್ರೆ ಎಂಜಿನ್ ತುಂಬ ಬಿಸಿಯಾದ್ರೆ ತಾನೇ ಸಿಮ್ ಆಗ್ಬೇಕು. ಗಾಳಿ ಜಾಸ್ತಿ ತುಂಬಿದ್ರೆ ಕುಕ್ಕರ್ ಥರ ಹೊರಗೆ ಬಿಡ್ಬೇಕು. ಏನಾದ್ರೂ ಕೆಟ್ರೆ ನಡುರಸ್ತೇಲಿ ನಿಲ್ಲದೆ ನಿಧಾನಕ್ಕಾದ್ರೂ ಮನೆಗೆ ತಲುಪಿಸ್ಬೇಕು."

"ಅದನ್ನೇ ಫೇಲ್‌ಸೇಫ್ ಅಂತಾರೆ ಅಕ್ಕಾ. ಸಾರ್ ಕೇಳಿದ್ದೆಲ್ಲ ಓಡೋಕೆ. ನೀವು ಕೇಳಿದ್ದು ಉಳಿಯೋಕೆ."

ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನವೂ ಇಷ್ಟು ಉಬ್ಬಿರಲಿಲ್ಲ! ಆ ಉಬ್ಬಿನಲ್ಲೇ, ನಮ್ಮವರು ಟೀ ಹೇಳಲು ಹೊರಗೆ ಹೋದ ಸಮಯ ನೋಡಿ, ನನ್ನ ಖಾಸಾ ಬೇಡಿಕೆಯನ್ನು ಮುಂದಿಟ್ಟೆ.

"ಅಬ್ಬಾಸಣ್ಣ, ಒಂದು ಗುಟ್ಟಿನ ಸ್ವಿಚ್ ಬೇಕು. ಅದನ್ನ ತಿರುಗಿಸಿದ್ರೆ ಅವರು ಎಷ್ಟೇ ತುಳಿದ್ರೂ ಗಾಡಿ ನಿಧಾನಕ್ಕೇ ಹೋಗ್ಬೇಕು. ಅವರಿಗೆ ಗೊತ್ತಾಗ್ಬಾರ್ದು."

ಗಡ್ಡ ಕೆರೆದುಕೊಂಡರು. "ಎಲ್ಲಿ ಇಡೋದಕ್ಕಾ? ಸಾರ್ ಕಣ್ಣಿಗೆ ಬೀಳಲ್ವಾ?"

ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಕಾರಿನ ಮುಂದೆ, ಗಾಜಿನ ಕೆಳಗೆ, ಹೆಬ್ಬೆರಳಿನಷ್ಟು ದೊಡ್ಡ ಗಣಪ ಕೂತಿದ್ದಾನೆ. ಅವನನ್ನು ಒರೆಸಿ ಹೂವಿಡುವವಳು ನಾನೊಬ್ಬಳೇ. ಸ್ನಾನವಿಲ್ಲದೆ ಬೇರೆ ಯಾರೂ ಮುಟ್ಟುವಂತಿಲ್ಲ. "ಗಣಪ ರಸ್ತೆ ನೋಡ್ತಿದ್ರೆ ಅವರಿಷ್ಟ. ನಮ್ಮ ಕಡೆ ನೋಡ್ತಿದ್ರೆ ನಿಧಾನ. ಆಗುತ್ತಾ?"

ಅಬ್ಬಾಸ್ ಭಾಯ್ ನನ್ನನ್ನು ನೋಡಿದರು, ಗಣಪನನ್ನು ನೋಡಿದರು, ಹೊರಗೆ ಟೀ ಹಿಡಿದು ಬರುತ್ತಿದ್ದ ನಮ್ಮವರನ್ನು ನೋಡಿದರು. "ಆಗುತ್ತೆ ಅಕ್ಕಾ, ಏನೋ ಒಂದು ಮಾಡಣ," ಎಂದರು.

ಕಂಪ್ಯೂಟರ್ ಬಂತು. ಟಿಫಿನ್ ಡಬ್ಬಿಯಷ್ಟು ದೊಡ್ಡದು. ಸ್ವಿಚ್ ಕೆಟ್ಟೀತೆಂದು ಗಣಪನನ್ನು ಎತ್ತದೆ, ಕೂತಲ್ಲೇ ಮೆಲ್ಲಗೆ ನಮ್ಮ ಕಡೆ ತಿರುಗಿಸಿದೆ. ಕಾರು ಹೊರಟಿತು. ಆಹಾ! ದೇವರ ಪಲ್ಲಕ್ಕಿ ಕೂಡ ಇಷ್ಟು ಹದವಾಗಿ ಹೋಗಲಾರದು! ದಾರಿಯಲ್ಲಿ ಹುಣಸೆಮರಗಳಿವೆ ಎಂದು ನನಗೆ ಅಂದೇ ತಿಳಿದದ್ದು. ಅದುವರೆಗೆ ಆ ರಸ್ತೆಯಲ್ಲಿ ನಾನು ಕಣ್ಣು ಬಿಟ್ಟಿರಲೇ ಇಲ್ಲ.

ಒಂದು ಸಲ ಮಾತ್ರ ಸಣ್ಣ ದೋಷ ಕಂಡಿತು. ಗಣಪ ಒಳಗೆ ನೋಡುತ್ತಿದ್ದರೂ ಕಾರು ಬುರ್ರೆಂದು ನುಗ್ಗಿತು. ನಮ್ಮವರು ಗಣಪನ ಕಡೆ ನೋಡಿ ಒಣ ಕೆಮ್ಮು ಕೆಮ್ಮಿದರು. ಕಾರು ನಿಧಾನವಾಯಿತು. 'ಇದೂ ಏಳೋದು ಲೇಟು' ಎಂದು ನಾನು ಕಂಪ್ಯೂಟರನ್ನು ಕ್ಷಮಿಸಿದೆ.

ಆಂಜನೇಯನ ತೆಂಗಿನಕಾಯಿಗಳು ನಿಂತವು. ನನ್ನ ಬಾಯಿ ಶುರುವಾಯಿತು. ಎದುರು ಮನೆಯ ಶಾರದಮ್ಮ ಹೊಸ ಮಿಕ್ಸಿ ತಂದರೆ, "ಫೇಲ್‌ಸೇಫ್ ಇದೆಯಾ ನೋಡಿದ್ರಾ?" ಎಂದು ಕೇಳಿದೆ.

"ಚಟ್ನಿ ಆಗುತ್ತೆ, ಸಾಲ್ದಾ?" ಎಂದರು ಅವರು.

"ನಿಮಗೆ ತಾಂತ್ರಿಕ ವಿಷಯ ತಿಳಿಯಲ್ಲ ಬಿಡಿ!"

ಹೀಗೆ ನಾನು ಎಂಜಿನ್ನಿನ ಮಿದುಳನ್ನು ಕಿರುಬೆರಳಿನಲ್ಲಿ ಆಳುತ್ತಿದ್ದಾಗ ನನ್ನ ಮೈದುನ ರವಿಯ ಮದುವೆ ಬಂತು. ಗೌರಿಬಿದನೂರಿನ ಛತ್ರದಲ್ಲಿ, ಬೆಳಗಿನ ಮುಹೂರ್ತ. ತಾಳಿಯನ್ನು ಹಿಂದಿನ ರಾತ್ರಿ ಮನೆದೇವರ ಮುಂದಿಟ್ಟು, ಬೆಳಿಗ್ಗೆ ಪೂಜೆ ಮಾಡಿ, ಹಿರಿಯ ಸೊಸೆಯೇ ಛತ್ರಕ್ಕೆ ತರಬೇಕು. ಅದು ನಮ್ಮ ಮನೆಯ ಪದ್ಧತಿ. ಉಳಿದವರೆಲ್ಲ ಮೊದಲೇ ಹೋಗಿದ್ದರು. ತಾಳಿಯ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ನಾನು ಹಿಂದಿನ ಸೀಟಿನಲ್ಲಿ ಕೂತೆ. ಆ ದಿನ ಬೇಗ ತಲುಪಬೇಕೆಂದು ಗಣಪನನ್ನು ನಾನೇ ರಸ್ತೆಯ ಕಡೆ ತಿರುಗಿಸಿದ್ದೆ. ಮುಂದಿನ ಸೀಟಿನಲ್ಲಿ ನಮ್ಮವರ ಸೋದರತ್ತೆ, ಕೆಂಚಾರ್ಲಹಳ್ಳಿಯ ವೆಂಕಟಮ್ಮತ್ತೆ.

ಅತ್ತೆ ಕೂತವರೇ ಕಿರುಚಿದರು. "ಅಯ್ಯೋ ರಾಮ! ದೇವ್ರು ನಮಗೆ ಬೆನ್ನು ಹಾಕ್ಕೊಂಡು ಕೂತವ್ನಲ್ಲೇ! ಶುಭಕಾರ್ಯಕ್ಕೆ ಹೋಗೋ ಹೊತ್ನಾಗೆ!"

ನಾನು ಬಾಯಿ ತೆರೆಯುವುದರೊಳಗೆ ಗಣಪನನ್ನು ತಿರುಗಿಸಿ, ತಮ್ಮ ಮುಡಿಯ ಮಲ್ಲಿಗೆಯಲ್ಲಿ ಒಂದು ತುಂಡು ಕಿತ್ತು ಅವನಿಗೆ ಮುಡಿಸಿ, ಒಂದು ಕೈಯಲ್ಲಿ ಅವನನ್ನು ಭದ್ರವಾಗಿ ಹಿಡಿದುಕೊಂಡು ಸ್ತೋತ್ರ ಶುರು ಮಾಡಿದರು. ನಮ್ಮವರು ಗಣಪನನ್ನು ನೋಡಿದರು. ಕನ್ನಡಿಯಲ್ಲಿ ನನ್ನನ್ನು ನೋಡಿದರು. ಕೆಮ್ಮಿದರು. ಕಾರು ಪಲ್ಲಕ್ಕಿಯಾಯಿತು!

ಚಿಕ್ಕಬಳ್ಳಾಪುರ ದಾಟುವಷ್ಟರಲ್ಲಿ ಒಂದು ಮೊಪೆಡ್ಡು ರೇಷ್ಮೆಗೂಡಿನ ಮೂಟೆ ಹೇರಿಕೊಂಡು ನಮ್ಮನ್ನು ಹಿಂದೆ ಹಾಕಿತು. ಆಮೇಲೆ ಹಿಪ್ಪುನೇರಳೆ ಸೊಪ್ಪು ತುಂಬಿದ ಟ್ರ್ಯಾಕ್ಟರು. ಅದರ ಮೇಲೆ ಕೂತಿದ್ದ ಹೆಂಗಸು ನಮಗೆ ಟಾಟಾ ಮಾಡಿದಳು.

"ಮೆಲ್ಲಗೆ ಅಂದ್ರೆ ಇಷ್ಟೊಂದಾ ನಾಯ್ನಾ? ನಡಕೊಂಡು ಹೋಗೋರು ಬೈಕೊಂತಾರೆ," ಎಂದರು ಅತ್ತೆ.

"ಇವತ್ತು ಗಾಡಿ ಇಷ್ಟೇ ಹೋಗೋದು ಅತ್ತೆ," ಎಂದರು ನಮ್ಮವರು. ಪಾಪ, ಎಷ್ಟು ತುಳಿಯುತ್ತಿದ್ದಾರೋ ಎಂದುಕೊಂಡೆ. 'ಬೇಗ ಹೋಗಿ' ಎಂದು ಅವರಿಗೆ ಹೇಳಿ ಏನು ಪ್ರಯೋಜನ? ಕಂಪ್ಯೂಟರ್ ಬಿಡಬೇಕಲ್ಲ!

ಉಪಾಯದಿಂದ ಗೆಲ್ಲಬೇಕೆಂದುಕೊಂಡೆ. "ಅತ್ತೆ, ದೇವರು ರಸ್ತೆ ನೋಡಿದ್ರೆ ದಾರಿ ತೋರಿಸ್ತಾನೆ ಅಂತಾರೆ. ಸ್ವಲ್ಪ ತಿರುಗಿಸ್ತೀರಾ?"

"ದಾರಿ ನೋಡಾಕೆ ನನ್ ಅಳಿಯ ಅವ್ನೆ. ದೇವ್ರು ನಮ್ಮನ್ನ ನೋಡ್ಲಿ."

"ಅವನಿಗೆ ಹಿಂದಿನಿಂದ ಬಿಸಿಲು ಅತ್ತೆ!"

"ಬೆನ್ನಿಗೆ ಬಿದ್ರೆ ಒಳ್ಳೇದು ಕಣೇ. ನನ್ ಬೆನ್ನಿಗೂ ಡಾಕ್ಟ್ರು ಅದ್ನೇ ಹೇಳವ್ರೆ."

ಆಗ ರವಿಯ ಫೋನು. "ಅತ್ತಿಗೇ, ಎಲ್ಲಿದ್ದೀರಾ? ಪುರೋಹಿತ್ರು ತಾಳಿ ಕೇಳ್ತಾವ್ರೆ!" ಹಿಂದಿನಿಂದ ವಾಲಗದ ಸದ್ದು ಕೇಳುತ್ತಿತ್ತು. ನಾಲ್ಕು ಸಲ ಹೆಣ್ಣು ನೋಡಿ ಕೊನೆಗೆ ಒಪ್ಪಿಕೊಂಡ ಹುಡುಗ. ನನ್ನಿಂದ ಮುಹೂರ್ತ ತಪ್ಪಿದರೆ ಆ ಮನೆಯಲ್ಲಿ ನಾನು ಮುಖ ಎತ್ತುವುದು ಹೇಗೆ?

ಕೊನೆಯ ಅಸ್ತ್ರ ಬಿಟ್ಟೆ. "ರೀ, ನಿಲ್ಲಿಸಿ! ವಾಂತಿ ಬರೋ ಹಾಗಿದೆ!"

ಬಟ್ಟಲನ್ನು ಸೀಟಿನ ಮೇಲಿಟ್ಟು ಇಳಿದೆ. ಬೇಲಿಯ ಬಳಿ ಬಗ್ಗಿ ಎರಡು ಸಲ ಸದ್ದು ಮಾಡಿ, ಮುಂದಿನ ಕಿಟಕಿಗೆ ಓಡಿ, ಗಣಪನತ್ತ ಕೈ ಚಾಚಿದೆ. ಅತ್ತೆ ಪಟ್ಟನೆ ಕೈಗೆ ಹೊಡೆದರು.

"ಥೂ! ವಾಂತಿ ಮಾಡ್ದ ಕೈನಾಗೆ ದೇವ್ರನ್ನ ಮುಟ್ತೀಯಾ? ಏನೇ ಬಂದೈತೆ ನಿಂಗೆ?"

"ವಾಂತಿ ಆಗ್ಲಿಲ್ಲ ಅತ್ತೆ!"

"ಮತ್ತೆ ಸದ್ದು ಯಾರು ಮಾಡಿದ್ದು, ಎಮ್ಮೆನಾ?"

ನಾನೇ ನನ್ನನ್ನು ಮೈಲಿಗೆ ಮಾಡಿಕೊಂಡಿದ್ದೆ! ಮತ್ತೆ ಫೋನು ಬಡಿದುಕೊಂಡಿತು. ಇನ್ನು ತಡೆಯಲಾಗಲಿಲ್ಲ. ರಸ್ತೆ ಬದಿಯಲ್ಲಿ, ರೇಷ್ಮೆ ಸೀರೆಯಲ್ಲಿ, ಕೂಗಿಕೊಂಡೆ:

"ಅತ್ತೇ, ಗಣಪನ ಕೆಳಗೆ ಸ್ವಿಚ್ ಇದೆ! ಅವನು ನಮ್ಮನ್ನ ನೋಡಿದ್ರೆ ಕಂಪ್ಯೂಟರು ಟರ್ಬೊ ನಿಲ್ಲಿಸುತ್ತೆ! ನಾನೇ ಮಾಡಿಸಿದ್ದು. ರೀ, ಕ್ಷಮಿಸಿ, ನೀವು ಎಷ್ಟು ತುಳಿದ್ರೂ ಗಾಡಿ ಹೋಗಲ್ಲ!"

ಅತ್ತೆ ಗಣಪನನ್ನು ಎತ್ತಿ ಕೆಳಗೆ ನೋಡಿದರು. ಒಂದು ಸ್ವಲ್ಪ ಅಂಟು, ಒಣಗಿದ ಒಂದು ಹೂವಿನ ಎಸಳು. ವೈರಿಲ್ಲ. ಸ್ವಿಚ್ಚಿಲ್ಲ. ಒಂದು ತೂತೂ ಇಲ್ಲ!

ನಮ್ಮವರು ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಗತೊಡಗಿದರು. "ಸ್ವಿಚ್ ಎಲ್ಲಿ ಬಂತು ಲಲಿತಾ? ಅವತ್ತೇ ಅಬ್ಬಾಸ್ ನಂಗೆ ಎಲ್ಲಾ ಹೇಳ್ದ. 'ಗಾಡಿ ನಿಮ್ದು, ಮುಚ್ಚಿಟ್ಟು ಮಾಡೋಕೆ ನಂಗೆ ಮನಸ್ಸು ಬರಲ್ಲ ಸಾರ್. ಗಣಪ ನಿಮ್ಮನ್ನ ನೋಡಿದ್ರೆ ನೀವೇ ಕಾಲು ಎತ್ಬಿಡಿ' ಅಂದ. ಅವತ್ತಿಂದ ಎತ್ತುತ್ತಾ ಇದೀನಿ."

"ಮತ್ತೆ ಇವತ್ತು?"

"ಇವತ್ತೂ ನಮ್ ಕಡೆ ನೋಡ್ತಿದ್ನಲ್ಲ! ತಿರುಗಿಸಿದ್ದು ಅತ್ತೆ, ಸರಿ. ನೀನು ಏನೂ ಅನ್ಲಿಲ್ಲವಲ್ಲ? ತಾಳಿ ಇದೆ, ಜೋಪಾನ ಅಂತ ಸುಮ್ಮನಿದ್ದೀಯ ಅಂದ್ಕೊಂಡೆ."

ನಾನು ಬೇಲಿ ಹಿಡಿದು ನಿಂತೆ. ಈಗ ನಿಜವಾಗಿಯೂ ವಾಂತಿ ಬರುವ ಹಾಗಿತ್ತು. "ನಿಧಾನಕ್ಕೆ ಹೋಗಿ ಅಂತ ಅಷ್ಟು ವರ್ಷ ಬಡ್ಕೊಂಡೆನಲ್ಲ, ಆಗ ಯಾಕೆ ಕೇಳ್ಲಿಲ್ಲ?"

ಅವರ ನಗು ನಿಂತಿತು. "ಕೇಳಿಸ್ತಿತ್ತು ಕಣೇ. ಕಂಪ್ಯೂಟರ್ ಮಾಡ್ಸೋ ಅಷ್ಟು ಭಯ ಇದೆ ಅಂತ ಗೊತ್ತಿರ್ಲಿಲ್ಲ."

ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅತ್ತೆ ಬಿಡಲಿಲ್ಲ. "ಗಂಡ ಹೆಂಡ್ತಿ ಮಾತು ಆಮೇಲೆ. ಗಾಡಿ ಹತ್ತೇ ಮೊದ್ಲು! ನಾಯ್ನಾ, ತುಳಿ!" ಎಂದು ಗಣಪನನ್ನು ತಾವೇ ರಸ್ತೆಯ ಕಡೆ ತಿರುಗಿಸಿದರು.

ಮಂಚೇನಹಳ್ಳಿಯ ಏರಿನಲ್ಲಿ ಟರ್ಬೊ ಎಂದರೇನು ಎಂದು ನನಗೆ ಸಂಪೂರ್ಣವಾಗಿ ಅರ್ಥವಾಯಿತು. ಟಾಟಾ ಮಾಡಿದ್ದ ಹೆಂಗಸಿಗೆ ಅತ್ತೆ ತಿರುಗಿ ಟಾಟಾ ಮಾಡಿದರು. ನಾನು ಕಣ್ಣು ಮುಚ್ಚಿ, ಒಂದೊಂದು ಬಸ್ಸಿಗೆ ಒಂದೊಂದರಂತೆ ತೆಂಗಿನಕಾಯಿ ಲೆಕ್ಕ ಹಾಕುತ್ತಾ, ತಾಳಿಯ ಬಟ್ಟಲನ್ನು ಎದೆಗವಚಿಕೊಂಡೆ. ಪುರೋಹಿತರು ಕೈ ಚಾಚಿದ ಹೊತ್ತಿಗೆ ಸರಿಯಾಗಿ ತಾಳಿ ಅವರ ಕೈ ಸೇರಿತು. ದೇವರು ದೊಡ್ಡವನು!

ಆದರೆ ಊಟದ ಪಂಕ್ತಿಯಲ್ಲಿ ಅತ್ತೆ ಇಡೀ ಕಥೆಯನ್ನು ಎಮ್ಮೆಯ ಸದ್ದಿನ ಸಮೇತ ಬಡಿಸಿದರು. ಹೊಸ ಮದುಮಗಳು ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಅಕ್ಕಾ, ನಿಮಗೆ ಇನ್ನೊಂದು ಹೋಳಿಗೆ?" ಎಂದಳು. ಕತ್ತು ಎತ್ತದೆ ಹಾಕಿಸಿಕೊಂಡೆ.

ಮುಂದಿನ ವಾರ ಶಾರದಮ್ಮ ಬಂದರು. ಅವರ ಯಜಮಾನರೂ ಕಾರು ಕೊಂಡಿದ್ದರು. "ನಿಮ್ಮನೇವ್ರು ಎಷ್ಟು ನಿಧಾನಕ್ಕೆ ಓಡಿಸ್ತಾರೆ! ಆ ಕಂಪ್ಯೂಟರ್ ನಮಗೂ ಬೇಕು ಲಲಿತಮ್ಮ. ಎಲ್ಲಿ ಸಿಗುತ್ತೆ?"

ತಾಂತ್ರಿಕ ವಿಷಯದಲ್ಲಿ ಕೊನೆಗೂ ಒಬ್ಬರು ನನ್ನ ಸಲಹೆ ಕೇಳಿದ್ದರು! ಗಂಭೀರವಾಗಿ ಸೆರಗು ಸರಿಮಾಡಿಕೊಂಡೆ.

"ಅದು ಅಂಗಡೀಲಿ ಸಿಗಲ್ಲ ಶಾರದಮ್ಮ. ಹೇಳಿ ಮಾಡಿಸಿದ್ದು."

ಒಳಗಿನ ಕೋಣೆಯಿಂದ ಕಂಪ್ಯೂಟರು ಕೆಮ್ಮಿತು!