ಇವಳೂ ನೋಡಿದಳು

ನನಗೊಂದು ಕಾಯಿಲೆ ಇದೆ. ಬಿ.ಪಿ., ಸಕ್ಕರೆಯ ಮಾತಲ್ಲ ಇದು. ಅವೂ ಇವೆ, ಆದರೆ ಅವಕ್ಕೆ ಮಾತ್ರೆಯೂ ಇದೆ. ನನ್ನ ಕಾಯಿಲೆ ಏನೆಂದರೆ, ಯಾರಾದರೂ ನನ್ನ ಹೆಂಡತಿಯನ್ನು ಏನಾದರೂ ಕೇಳಿದರೆ ಉತ್ತರ ನನ್ನ ಬಾಯಿಂದ ಹೊರಡುತ್ತದೆ. ಸೀರೆ ಅಂಗಡಿಯವನು "ಯಾವ ಬಣ್ಣ ತೋರಿಸ್ಲಿ ಅಕ್ಕಾರೆ?" ಎಂದರೆ ನಾನು "ನೀಲಿ" ಅನ್ನುತ್ತೇನೆ. ಒಮ್ಮೆ ಡಾಕ್ಟರು ಅವಳನ್ನು "ನೋವು ಎಲ್ಲಿ?" ಎಂದು ಕೇಳಿದಾಗ ನಾನು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು "ಇಲ್ಲಿ ಸಾರ್" ಎಂದಿದ್ದೆ. ಆ ಪುಣ್ಯಾತ್ಮರು ನನ್ನನ್ನೇ ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ಅವತ್ತು ಮನೆಗೆ ಬಂದು ಇಬ್ಬರೂ ನಕ್ಕಿದ್ದೇವೆ. ಮದುವೆಯಾಗಿ ಮೂವತ್ತು ವರ್ಷ ದಾಟಿದ ಮೇಲೆ ಇಂಥದ್ದನ್ನೆಲ್ಲ ಪ್ರೀತಿ ಎಂದೇ ಅಂದುಕೊಂಡು ಬಿಡುತ್ತೇವೆ.

ಈ ಕಾಯಿಲೆಗೆ ಇನ್ನೊಂದು ಮಗ್ಗುಲೂ ಇದೆ. ನಾನು ಕೊಡುವ ಉತ್ತರ ಹೆಚ್ಚಾಗಿ ಒಂದೇ: "ಆತು." ನಮ್ಮ ಚಿತ್ರದುರ್ಗದ ಕಡೆ ಯಾರ ಮನೆಗೆ ಹೋದರೂ "ಬರ್ರಿ, ಕುಂತ್ಕಳ್ರಿ, ಊಟ ಆತಾ?" ಅನ್ನುತ್ತಾರೆ. ಹೊಟ್ಟೆಯಲ್ಲಿ ಇಲಿ ಓಡಾಡುತ್ತಿದ್ದರೂ "ಆತು" ಎನ್ನುವುದು ಮರ್ಯಾದೆ. ಅವರು ಬಲವಂತ ಮಾಡುವುದು, ಇವರು ಬೇಡವೆನ್ನುವುದು, ಕೊನೆಗೆ ಎಲೆ ಹಾಕುವುದು, ಇದೆಲ್ಲ ಇಬ್ಬರಿಗೂ ಗೊತ್ತಿರುವ ಆಟ. ಹೊಸದಾಗಿ ಮದುವೆಯಾದಾಗ ಹೊಸದುರ್ಗದ ನೆಂಟರ ಮನೆಯಲ್ಲಿ "ನಂದೂ ಆಗೈತೆ, ಇವಳದೂ ಆಗೈತೆ" ಎಂದೆ. ಅವರು ಯಾಕೋ ಅವತ್ತು ಬಲವಂತ ಮಾಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹೆಂಡತಿ ಗಿರಿಜ ಕಿಟಕಿಯ ಕಡೆ ಮುಖ ಮಾಡಿಕೊಂಡು, "ನಿಮ್ಮ ಹೊಟ್ಟೆ ಸಂಕೋಚಕ್ಕೆ ತುಂಬತೈತೆ, ನಂದು ತುಂಬಲ್ಲ ಕಣ್ರಿ" ಎಂದಳು. ನಾನು ಅದನ್ನು ಊರಲ್ಲೆಲ್ಲ ತಮಾಷೆಯಾಗಿ ಹೇಳಿಕೊಂಡು ಓಡಾಡಿದೆ.

ನಾನು ಹಾರ್ಡ್‌ವೇರ್ ಅಂಗಡಿಯವನು. ಮೊಳೆ, ತಗಡು, ಪೈಪು, ನಲ್ಲಿ. ಗಿರಿಜ ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಡಂ ಆಗಿದ್ದಳು. ಅವಳಿಗೆ ಹಕ್ಕಿಯ ಹುಚ್ಚು. ರಾಮಗಿರಿಯ ಗುಡ್ಡ, ಹಿರಿಯೂರಿನ ಮಾರಿಕಣಿವೆಯ ಹಿನ್ನೀರು, ಜೋಗಿಮಟ್ಟಿ, ನಮ್ಮ ಕೋಟೆಯ ಬಂಡೆಗಳು, ಭಾನುವಾರ ಬಂತೆಂದರೆ ಅವಳು ಮುಂದೆ, ನೀರಿನ ಬಾಟಲಿ ಹೊತ್ತ ನಾನು ಹಿಂದೆ. ಅವಳದೊಂದು ನೋಟ್‌ಬುಕ್ಕಿತ್ತು. ತನ್ನ ಕಣ್ಣಿಂದ ಕಂಡ ಹಕ್ಕಿಯನ್ನು ಮಾತ್ರ ಅದರಲ್ಲಿ ಬರೆಯುತ್ತಿದ್ದಳು. ಕೂಗು ಕೇಳಿದರೆ ಬರೆಯುತ್ತಿರಲಿಲ್ಲ, ಗಂಡ ನೋಡಿದರೂ ಬರೆಯುತ್ತಿರಲಿಲ್ಲ. "ನಾನು ನೋಡ್ದೆ ಕಣೆ, ಬರ್ಕೋ, ನಿಂದು ನಂದು ಬೇರೆನಾ?" ಎಂದರೆ, "ಹಕ್ಕಿ ವಿಷ್ಯದಾಗೆ ಬೇರೆನೇ" ಎಂದು ಪೆನ್ನಿನ ಮುಚ್ಚಳ ಹಾಕುತ್ತಿದ್ದಳು. ವ್ಯಾಪಾರಸ್ಥನಾದ ನನಗೆ ಇದು ಶುದ್ಧ ನಷ್ಟದ ಪದ್ಧತಿಯಾಗಿ ಕಾಣುತ್ತಿತ್ತು.

ಅವಳ ಕಣ್ಣು ಹೋಗತೊಡಗಿದ್ದು ನಮಗೆ ಬಹಳ ದಿನ ಗೊತ್ತಾಗಲಿಲ್ಲ. ಮುಸ್ಸಂಜೆಯಲ್ಲಿ ಹೊಸ್ತಿಲು ಎಡವುತ್ತಿದ್ದಳು. ತಟ್ಟೆಯ ಅಂಚಿಗೆ ಬಡಿಸಿದ ಉಪ್ಪಿನಕಾಯಿಯನ್ನು ಮುಟ್ಟದೆ ಏಳುತ್ತಿದ್ದಳು. "ನೋಡ್ಕಂಡು ನಡಿಯಕ್ಕೆ ಏನು ಕಷ್ಟ ನಿಂಗೆ" ಎಂದು ನಾನು ಬೈದದ್ದೂ ಉಂಟು, ಅದನ್ನು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಕೊನೆಗೆ ದಾವಣಗೆರೆಯಲ್ಲಿ ಕಣ್ಣಿನ ಡಾಕ್ಟರೊಬ್ಬರು ದೀಪ ಬಿಟ್ಟು ನೋಡಿ, ಕಣ್ಣಿನ ಒಳಪರದೆ ಅಂಚಿನಿಂದ ಸಾಯುತ್ತ ಬರುತ್ತಿದೆ, ಇದಕ್ಕೆ ಔಷಧಿಯಿಲ್ಲ, ಎರಡು ಮೂರು ವರ್ಷದಲ್ಲಿ ನಡುವಿನದೂ ಹೋಗಬಹುದು ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಹೇಳಿ ಅವಳ ಕಡೆ ತಿರುಗಿ, "ಏನಮ್ಮ, ಧೈರ್ಯ ಐತಾ?" ಎಂದು ಕೇಳಿದರು. "ಐತೆ ಸಾರ್" ಎಂದೆ ನಾನು.

ವಾಪಸು ಬರುವ ಬಸ್ಸು ಭರಮಸಾಗರ ದಾಟಿತು. ಆಮೇಲೆ, "ರೀ, ನಂಗೆ ಕ್ವೆಟ್ಸಾಲ್ ನೋಡ್ಬೇಕು" ಎಂದಳು. ಅದು ಪೈಪಿನ ಕಂಪನಿಯ ಹೆಸರೇನೋ ಎಂದುಕೊಂಡೆ. ಹಕ್ಕಿಯಂತೆ. ಮಧ್ಯ ಅಮೆರಿಕದ ಗ್ವಾಟೆಮಾಲ ಎಂಬ ದೇಶದ ಬೆಟ್ಟದ ಕಾಡಿನಲ್ಲಿರುತ್ತದಂತೆ. ಮೈಯೆಲ್ಲ ಹಸಿರು, ಹೊಟ್ಟೆ ಕೆಂಪು, ಗಂಡಿನ ಬಾಲ ನಮ್ಮ ಮೊಳಕೈಗಿಂತ ಉದ್ದ. ಹಿಂದೆ ಅಲ್ಲಿನ ಮಾಯಾ ಜನ ಅದನ್ನು ಹಿಡಿದು, ರಾಜನ ಕಿರೀಟಕ್ಕೆ ಬಾಲದ ಗರಿ ಮಾತ್ರ ತೆಗೆದುಕೊಂಡು, ಹಕ್ಕಿಯನ್ನು ಬಿಟ್ಟುಬಿಡುತ್ತಿದ್ದರಂತೆ. ಪಾಠ ಮಾಡುವಾಗ ಮಕ್ಕಳಿಗೆ ಅದರ ಚಿತ್ರ ತೋರಿಸುತ್ತಿದ್ದವಳು ಅವಳು. "ಆ ಹಸಿರು ಚಿತ್ರದಾಗೆ ಬರಲ್ವಂತೆ ಕಣ್ರಿ. ಕಣ್ಣಾಗೇ ನೋಡ್ಬೇಕಂತೆ. ಅದೊಂದು ನೋಡಿಬಿಟ್ರೆ ಆಮ್ಯಾಕೆ ಕತ್ತಲಾದ್ರೂ ಆಗ್ಲಿ." ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಕೇಳಿದ ದೊಡ್ಡ ವಸ್ತು ಅದೊಂದೇ. ಕಣ್ಣಿನ ದೆಸೆಯಿಂದ ಅವಳು ಕೆಲಸ ಬಿಟ್ಟಾಗ ಬಂದ ಹಣವಿತ್ತು. ಬೆಂಗಳೂರಿನಿಂದ ಹೊರಡುವ ಒಂದು ಹಕ್ಕಿ ನೋಡುವವರ ತಂಡಕ್ಕೆ ಸೇರಿಕೊಂಡೆವು. ಎಂಟು ಜನ, ಒಬ್ಬ ಗೈಡು, ಹನ್ನೆರಡು ದಿನ.

ಮೊದಲ ದಿನಗಳು ಟಿಕಾಲ್ ಎಂಬಲ್ಲಿ. ದಟ್ಟ ಕಾಡಿನ ನಡುವೆ ಮಾಯಾ ಜನ ಕಟ್ಟಿ ಬಿಟ್ಟುಹೋದ ಪಾಳು ನಗರ, ಮರಗಳ ತಲೆಯ ಮೇಲೆ ಎದ್ದು ನಿಂತ ಕಲ್ಲಿನ ಗುಡಿಗಳು. ದುರ್ಗದವನಿಗೆ ಪಾಳು ಕಲ್ಲು ತೋರಿಸಿ ಬೆರಗು ಹುಟ್ಟಿಸುವುದು ಸುಲಭವಲ್ಲ. ನಾನು ಬ್ಯಾಗಿನಿಂದ ಶೇಂಗಾ ಚಟ್ನಿಪುಡಿ ತೆಗೆದು ಅವರ ಜೋಳದ ರೊಟ್ಟಿಗೆ ಉದುರಿಸಿಕೊಳ್ಳುತ್ತ, "ಕೋತಿ ಇಲ್ಲೂ ಅವೆ, ನಮ್ಮವಕ್ಕಿಂತ ಜೋರಾಗಿ ಕೂಗ್ತವೆ, ಅಷ್ಟೇ ವ್ಯತ್ಯಾಸ" ಎಂದು ತಂಡದವರನ್ನು ನಗಿಸಿದೆ. ನಿಜವಾಗಿ ಬೆರಗು ಹುಟ್ಟಿಸಿದ್ದು ಗೈಡು. ಎಸ್ತೆಬಾನ್ ಎಂದು ಅವನ ಹೆಸರು, ಮಾಯಾ ಜನರವನೇ, ಐವತ್ತು ದಾಟಿದ ಗಿಡ್ಡ ಮನುಷ್ಯ. ಈ ನಗರವನ್ನು ಯಾಕೆ ಬಿಟ್ಟುಹೋದರು ಎಂದು ಯಾರೋ ಕೇಳಿದರೆ "ಗೊತ್ತಿಲ್ಲ" ಎಂದ. ಆ ಕೆತ್ತನೆ ಏನು ಎಂದರೆ "ಅದೂ ಗೊತ್ತಿಲ್ಲ" ಎಂದ. ಗೊತ್ತಿಲ್ಲ ಎಂದು ಹೇಳಿ ಸಂಬಳ ತೆಗೆದುಕೊಳ್ಳುವ ಗೈಡನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವನದೊಂದು ನಿಯಮವೂ ಇತ್ತು. ಟೆಲಿಸ್ಕೋಪನ್ನು ಹಕ್ಕಿಯ ಕಡೆ ನಿಲ್ಲಿಸಿ ಒಬ್ಬೊಬ್ಬರನ್ನೇ "ಕಂಡಿತಾ?" ಎಂದು ಕೇಳುತ್ತಿದ್ದ. ಕೊನೆಯವರು ಕಂಡೆ ಅನ್ನುವವರೆಗೆ ಯಾರೂ ಜಾಗ ಬಿಡುವ ಹಾಗಿಲ್ಲ. "ಕಾಣದಿದ್ದರೆ ಕಾಣಲಿಲ್ಲ ಅನ್ನಿ. ನಾನು ನಿಲ್ಲುತ್ತೇನೆ. ಅದಕ್ಕೇ ನಾನಿರುವುದು" ಎಂದು ಮೊದಲ ದಿನವೇ ಇಂಗ್ಲಿಷಿನಲ್ಲಿ ಹೇಳಿದ್ದ. ಗಿರಿಜಳಿಗೆ ಅಲ್ಲಿ ಗುಡಿಯ ಅಂಗಳದಲ್ಲೇ ಓಡಾಡುವ ಮಿಂಚುಬಣ್ಣದ ಕಾಡುಕೋಳಿಗಳು ಕಂಡವು, ಬಾಳೆಕಾಯಿ ಗಾತ್ರದ ಕೊಕ್ಕಿನ ಟೂಕನ್ ಕಂಡಿತು. ನಿಧಾನವಾಗಿ, ಒಂದೊಂದಕ್ಕೆ ನಾಲ್ಕೈದು ನಿಮಿಷ ಹಿಡಿಯಿತು, ಆದರೂ ಕಂಡವು.

ಕ್ವೆಟ್ಸಾಲ್ ಇದ್ದದ್ದು ಅಲ್ಲಿಂದ ಬಹಳ ದೂರದ ಬೆಟ್ಟದಲ್ಲಿ, ಮೋಡ ನೆಲಕ್ಕೇ ಇಳಿಯುವ ಕಾಡಿನಲ್ಲಿ. ಎರಡು ದಿನ ಕಾದರೂ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಅದೇ ಕೊನೆಯ ಬೆಳಿಗ್ಗೆ, ಕಾಡು ಬೆಣ್ಣೆಹಣ್ಣಿನ ಮರಕ್ಕೆ ಬಂದು ಕೂತಿತು. ಎಸ್ತೆಬಾನ್ ಟೆಲಿಸ್ಕೋಪ್ ನಿಲ್ಲಿಸಿ ಉಸಿರು ಬಿಗಿಹಿಡಿದು ಕೈಸನ್ನೆ ಮಾಡಿದ. ನಮ್ಮ ಹಿಂದೆ ಆ ಇಕ್ಕಟ್ಟಾದ ದಾರಿಯಲ್ಲಿ ಬೇರೆ ದೇಶದ ಇನ್ನೊಂದು ತಂಡವೂ ಬಂದು ಕಾಯುತ್ತ ನಿಂತಿತು. ನಮ್ಮವರು ಒಬ್ಬೊಬ್ಬರೇ ಬಗ್ಗಿ ನೋಡಿದರು. ಮೈಸೂರಿನ ಒಬ್ಬ ಇಂಜಿನಿಯರು ನೋಡಿ ಈಚೆ ಬಂದು ಮುಖ ಒರೆಸಿಕೊಂಡರು. ಗಿರಿಜ, "ನಾನು ಕೊನೇಗೆ ನೋಡ್ತೀನಿ, ನಂದು ನಿಧಾನ, ಅವರಿಗ್ಯಾಕೆ ತೊಂದ್ರೆ" ಎಂದು ನನ್ನನ್ನು ಮುಂದೆ ತಳ್ಳಿದಳು. ನಾನು ಬಗ್ಗಿದೆ. ಕಂಡದ್ದು ನನ್ನದೇ ರೆಪ್ಪೆಗೂದಲು. ಆ ಕಣ್ಣು ಮುಚ್ಚಿ ಈ ಕಣ್ಣು ಇಟ್ಟೆ. ಮಂಜು, ಎಲೆ, ಇನ್ನಷ್ಟು ಎಲೆ. "ಕಂಡಿತಾ?" ಎಂದ ಎಸ್ತೆಬಾನ್. ಬೆನ್ನ ಹಿಂದೆ ಅಷ್ಟೊಂದು ಜನ ಕಾಯುತ್ತಿದ್ದರು. "ಕಂಡಿತು, ಭಾಳ ಚೆನ್ನಾಗಿದೆ, ಥ್ಯಾಂಕ್ಯೂ" ಎಂದು ಈಚೆ ಬಂದೆ.

ಗಿರಿಜ ಬಗ್ಗಿದಳು. ಅವಳಿಗೆ ಆಗ ಉಳಿದಿದ್ದ ನೋಟ ಅರ್ಧ ಇಂಚಿನ ಪೈಪಿನೊಳಗಿಂದ ನೋಡಿದಷ್ಟು. ಅದನ್ನು ಟೆಲಿಸ್ಕೋಪಿನ ಬಾಯಿಗೆ ಕೂಡಿಸಿ, ಆಮೇಲೆ ಹಕ್ಕಿಯನ್ನು ಹುಡುಕಬೇಕು. ಅವಳ ಎರಡೂ ಕೈ ಬೆನ್ನ ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. ಒಂದು ನಿಮಿಷವಾಯಿತು. ಎರಡಾಯಿತು. ಹಿಂದಿನ ತಂಡದಲ್ಲಿ ಯಾರೋ ಕೆಮ್ಮಿದರು. ನಮ್ಮ ಪೈಕಿ ಒಬ್ಬರು ಕೈಗಡಿಯಾರ ನೋಡಿಕೊಂಡರು. ಎಸ್ತೆಬಾನ್ ಮೆಲ್ಲಗೆ, ಅವಳನ್ನೇ, ಅವಳನ್ನು ಮಾತ್ರ ಕೇಳಿದ: "ಮೇಡಂ, ಕಂಡಿತಾ?" ಅವಳು ಉಸಿರು ಹಿಡಿದು ಇನ್ನೂ ಹುಡುಕುತ್ತಿದ್ದಳು. ನಾನು ಮಾತಾಡಿದೆ. "ಯೆಸ್ ಯೆಸ್, ಇವಳೂ ನೋಡಿದಳು. ಆಯಿತು, ಆಯಿತು, ಹೋಗೋಣ" ಎಂದೆ. ಆ ಮನುಷ್ಯ ನನ್ನ ಮಾತನ್ನು ನಂಬಿದ. ಟೆಲಿಸ್ಕೋಪನ್ನು ಎತ್ತಿ, ಹಿಂದಿನವರಿಗೆ ದಾರಿ ಬಿಡಲೆಂದು ಹೆಗಲಿಗೆ ಹಾಕಿಕೊಂಡ. ಗಿರಿಜ ಇನ್ನೂ ಬಗ್ಗಿಯೇ ನಿಂತಿದ್ದಳು. ಅವಳ ಕಣ್ಣಿನ ಮುಂದೆ ಏನೂ ಇರಲಿಲ್ಲ.

ಅಷ್ಟರಲ್ಲಿ ಎಲ್ಲರೂ ಒಟ್ಟಿಗೆ "ಹಾರಿತು" ಎಂದರು. "ಹಾರ್ತಾ?" ಎಂದು ಅವಳು ನನ್ನ ಕಡೆ ತಿರುಗಿ ಕೇಳಿದಳು. ಎಸ್ತೆಬಾನಿಗೆ ಏನೋ ಅನುಮಾನ ಬಂದಿರಬೇಕು, ಹತ್ತಿರ ಬಂದು ಇನ್ನೊಮ್ಮೆ ಅವಳನ್ನು ಕೇಳಿದ. ಅವಳು ಇಲ್ಲ ಎಂದಿದ್ದರೆ ಅವನು ಖಂಡಿತ ನಿಲ್ಲುತ್ತಿದ್ದ, ಬಸ್ಸು ಕಾಯುತ್ತಿತ್ತು, ಹಕ್ಕಿ ತಿರುಗಿ ಬರುತ್ತಿತ್ತೋ ಏನೋ. ಆದರೆ ಇಲ್ಲ ಎಂದರೆ ಅಷ್ಟು ಜನರ ಮುಂದೆ ಗಂಡ ಸುಳ್ಳನಾಗುತ್ತಾನೆ. "ಕಂಡಿತು" ಎಂದಳು. ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನಿಸಿತು. ನೆಲ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ತಿಂಡಿಗೆ ಕಪ್ಪು ಹುರುಳಿಕಾಯಿ ಬೀಜದ ಪಲ್ಯವಿತ್ತು, ಎರಡು ಸಲ ಹಾಕಿಸಿಕೊಂಡು ತಿಂದೆ. ಮಧ್ಯಾಹ್ನ ಹೊರಟೆವು.

ವಿಮಾನದಲ್ಲಿ ಅವಳು ಸಿಟ್ಟಿಲ್ಲದ ದನಿಯಲ್ಲಿ, "ಹೋಗ್ಲಿ ಬಿಡ್ರಿ. ನೀವಾದ್ರೂ ನೋಡಿದ್ರಲ್ಲ. ಹೆಂಗಿತ್ತು ಹೇಳ್ರಿ" ಎಂದಳು. ಜೀವನದಲ್ಲಿ ಮೊದಲ ಸಲ ಅವಳು ಇನ್ನೊಬ್ಬರ ಕಣ್ಣಿಂದ ಹಕ್ಕಿ ನೋಡಲು ಒಪ್ಪಿದ್ದಳು. ನಾನು ಹೇಳಿದೆ. ಹಸಿರು ಎಂದೆ, ಕೆಂಪು ಎಂದೆ, ಬಾಲ ಉದ್ದ ಎಂದೆ. "ಅದು ಪುಸ್ತಕದಾಗೂ ಐತೆ. ನಿಮಗೆ ಹೆಂಗೆ ಕಾಣ್ತು ಅದು ಹೇಳ್ರಿ" ಎಂದಳು. ಬಾಲ ಗಾಳಿಗೆ ಅಲ್ಲಾಡುತ್ತಿತ್ತು ಎಂದೆ. ಕುತ್ತಿಗೆ ತಿರುಗಿಸಿದಾಗ ಹಸಿರು ನೀಲಿಯಾಯಿತು ಎಂದೆ. ಅವಳು ಕಣ್ಣು ಮುಚ್ಚಿಕೊಂಡು ನಕ್ಕಳು.

ಈಗ ಎರಡು ವರ್ಷವಾಯಿತು. ಅವಳಿಗೆ ಉಳಿದಿರುವುದು ಬೆಳಕು ಮತ್ತು ನೆರಳು. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂದು ತಿಳಿಯುತ್ತದೆ, ಯಾರೆಂದು ತಿಳಿಯುವುದಿಲ್ಲ. ದಿನಾ ಸಂಜೆ ಕಾಫಿ ಆದ ಮೇಲೆ "ಹೇಳ್ರಿ" ಅನ್ನುತ್ತಾಳೆ, ನಾನು ಹೇಳುತ್ತೇನೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಫೋನಿನಲ್ಲಿ ಓದಿ ಓದಿ ನಾನು ಆ ಹಕ್ಕಿಯ ದೊಡ್ಡ ಪಂಡಿತನಾಗಿದ್ದೇನೆ. ಅದು ಹಣ್ಣನ್ನು ಇಡಿಯಾಗಿ ನುಂಗಿ ಬೀಜ ಉಗುಳಿದ್ದನ್ನು ನೋಡಿದೆ, ಹಾರುವಾಗ ಬಾಲ ಅಲೆಯಲೆಯಾಗಿ ಹಿಂದೆ ಹೋದದ್ದನ್ನು ನೋಡಿದೆ. ಮೊಳೆ ಮಾರುವವನ ಬಾಯಲ್ಲಿ ಇಷ್ಟು ಮಾತಿದೆಯೆಂದು ನನಗೇ ಗೊತ್ತಿರಲಿಲ್ಲ. ಅವಳ ಶಾಲೆಯ ಹಳೆಯ ಮೇಡಂಗಳು ನೋಡಲು ಬಂದರೆ, "ನಂಗೆ ಕಾಣ್ಲಿಲ್ಲ ಕಣ್ರಿ, ಇವರು ನೋಡ್ಯಾರೆ, ಇವರನ್ನ ಕೇಳ್ರಿ" ಎಂದು ಹೆಮ್ಮೆಯಿಂದ ನನ್ನನ್ನು ಮುಂದೆ ಮಾಡುತ್ತಾಳೆ. ಆ ಹೆಮ್ಮೆಯನ್ನು ಹೊತ್ತುಕೊಳ್ಳುವುದು ದಿನದಿನಕ್ಕೆ ಕಷ್ಟವಾಗುತ್ತ ಬಂತು. ಊಟ ಸೇರುತ್ತಿರಲಿಲ್ಲ. ಹೇಳಿಬಿಟ್ಟರೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಕಳೆದ ಭಾನುವಾರ ಮಧ್ಯಾಹ್ನ ಇಬ್ಬರೂ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆವು. ಆ ಕೆಲಸಕ್ಕೆ ಅವಳಿಗೆ ಕಣ್ಣು ಬೇಡ, ನನಗಿಂತ ಚುರುಕು. ಹೇಳಿಬಿಟ್ಟೆ. ನಾನೂ ನೋಡಿಲ್ಲ, ಎಲೆ ಮಾತ್ರ ಕಂಡದ್ದು, ಉಳಿದದ್ದೆಲ್ಲ ಕಟ್ಟಿ ಹೇಳಿದ್ದು, ಫೋನಿನಲ್ಲಿ ಓದಿದ್ದು ಎಂದೆ.

ಅವಳ ಕೈ ನಿಲ್ಲಲಿಲ್ಲ. ಒಂದು ಹಿಡಿಯಷ್ಟು ಸುಲಿದು ಮುಗಿಸಿದಳು.

"ಗಾಳಿಗೆ ಬಾಲ ಅಲ್ಲಾಡಿದ್ದು?"

"ಅದು ನಾನೇ ಕಟ್ಟಿ ಹೇಳಿದ್ದು."

"ಹಂಗಾರೆ ನಮ್ಮ ಮನೆಯಾಗೆ ಅದನ್ನ ಯಾರೂ ನೋಡಿಲ್ಲ" ಎಂದಳು.

ನಾನು ತಲೆ ತಗ್ಗಿಸಿದೆ. ತಗ್ಗಿಸಿದ್ದು ಅವಳಿಗೆ ಕಾಣುವುದಿಲ್ಲ ಎಂದು ಆಮೇಲೆ ಹೊಳೆಯಿತು. ಆ ಬೆಟ್ಟದಲ್ಲಿ ಅವಳ ಕಣ್ಣಿನ ಮುಂದಿನಿಂದ ತೆಗೆಸಿದ ಹಕ್ಕಿ, ಎರಡು ವರ್ಷ ಅವಳ ಕಿವಿಯಲ್ಲಾದರೂ ಬದುಕಿತ್ತು. ಅದನ್ನೂ ಈಗ ನನ್ನ ಕೈಯಾರೆ ಕೊಂದಿದ್ದೆ.

"ಈಗ್ಯಾಕೆ ಹೇಳಿದ್ರಿ?" ಎಂದಳು.

"ಮನಸಿಗೆ ಭಾಳ ಭಾರ ಆಗಿತ್ತು. ಹಗುರ ಆಗ್ಲಿ ಅಂತ."

ಅವಳು ಸುಲಿದ ಬೀಜದ ತಟ್ಟೆಯನ್ನು ತಡವಿ ನನ್ನ ಕಡೆ ಸರಿಸಿದಳು.

"ಆತಾ ಹಗುರ?"

"ಆತು" ಎಂದೆ.