ದಸರಾದೊಳಗೆ ಒಂದು ಪುಟ

ಗುರಿ ಇಟ್ಟುಕೊಂಡು ಬದುಕಿದವಳಲ್ಲ ನಾನು. ಹಾಲು ಉಕ್ಕುವ ಹೊತ್ತಿಗೆ ಒಲೆಯ ಹತ್ತಿರ ಇರಬೇಕು, ಮುದ್ದೆ ಗಂಟಾಗಬಾರದು, ನಾಲ್ಕು ಜನ ಸೇರಿದ ಕಡೆ ಯಾರೂ ನನ್ನನ್ನು ಮಾತಾಡಿಸಬಾರದು. ಇಷ್ಟೇ ನನ್ನ ಆಸೆ. ಮೊದಲೆರಡರಲ್ಲಿ ಆಗಾಗ ಸೋತಿದ್ದೇನೆ, ಮೂರನೆಯದನ್ನು ಮಾತ್ರ ಇಷ್ಟು ವರ್ಷವೂ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೆ. ಅಂಥವಳು ಶಾಲೆಯ ಸಭೆಯಲ್ಲಿ ಎದ್ದು ನಿಂತು ಮಾತಾಡಿದಳಂತೆ ಎಂದು ಯಾರೋ ನಿಮ್ಮ ಕಿವಿಗೆ ಹಾಕಿದ್ದಾರೆ. ಪವನ, ಸಿಂಚನ, ನೀವಿಬ್ಬರೂ ‘ನಿಜವೇನಜ್ಜಿ?’ ಎಂದು ಒಂದೇ ಸಮ ಪೀಡಿಸುತ್ತಿದ್ದೀರಿ. ಬಾಯಲ್ಲಿ ಹೇಳಲು ನನಗೆ ನಾಚಿಕೆ. ಬರೆದು ಕೊಡುತ್ತೇನೆ, ಓದಿಕೊಳ್ಳಿ.

ಹೋದ ವರ್ಷ ಸಿಂಚನ ನಮ್ಮೂರ ಶಾಲೆಯಲ್ಲೇ ನಾಲ್ಕನೇ ತರಗತಿಯಲ್ಲಿದ್ದಳು ತಾನೆ? ಅದಕ್ಕೆ ಮನೆಯಿಂದ ಒಬ್ಬರು ಶಾಲೆಯ ಸಮಿತಿಗೆ ಬರಬೇಕೆಂದು ಹೆಡ್‌ಮೇಡಂ ಹೇಳಿ ಕಳಿಸಿದರು. ನಿಮ್ಮಪ್ಪನಿಗೆ ಬೀರೂರಿನಲ್ಲಿ ರೈಲ್ವೆ ಡ್ಯೂಟಿ, ನಿಮ್ಮಮ್ಮನಿಗೆ ಆಶಾ ಕೆಲಸದಲ್ಲಿ ಮನೆ ಮನೆ ಸುತ್ತುವುದಕ್ಕೇ ಹೊತ್ತು ಸಾಲದು. “ಅತ್ತೆ, ನೀವೇನೂ ಮಾತಾಡ್ಬೇಕಿಲ್ಲ. ಸುಮ್ನೆ ಕೂತ್ಕಂಡು ಟೀ ಕುಡ್ದು ಬನ್ನಿ” ಎಂದಳು ನಿಮ್ಮಮ್ಮ. ಸುಮ್ಮನೆ ಕೂರುವುದು ನನಗೆ ಬರುವ ಏಕೈಕ ವಿದ್ಯೆ. ಹೋದೆ.

ಆ ದಿನ ಮೇಡಂ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಈ ವರ್ಷ ನಮ್ಮ ಮಕ್ಕಳ ಕಲಿಕೆ ಎಲ್ಲಿಗೆ ಮುಟ್ಟಬೇಕು, ನೀವೇ ಹೇಳಿ ಎಂದರು. ಸಮಿತಿಯ ಅಧ್ಯಕ್ಷ ಶಿವಣ್ಣ ತೆಂಗಿನಕಾಯಿ ವ್ಯಾಪಾರದವರು, ದೊಡ್ಡ ಗಂಟಲು. “ನೂರಕ್ಕೆ ನೂರು ಅಂತ ಬರ್ದುಬಿಡಿ ಮೇಡಂ. ಬರೆಯೋಕೇನು, ಕಮ್ಮಿ ಯಾಕೆ ಬರೀಬೇಕು?” ಎಂದರು. “ಬರೆಯೋದು ನಾನು, ಮಾಡೋರ್ಯಾರು ಶಿವಣ್ಣ?” ಎಂದು ಮೇಡಂ ನಕ್ಕು, ಆರು ಮತ್ತು ಏಳನೇ ತರಗತಿಯಲ್ಲಿ ಪುಸ್ತಕ ಓದಲು ತಡವರಿಸುವ ಮಕ್ಕಳ ಹೆಸರು ಓದಿದರು. ಆಮೇಲೆ ಹಾಳೆಯ ಮೇಲೆ ‘ದಸರಾ ರಜೆ ಬರುವುದರೊಳಗೆ ಪ್ರತಿ ಮಗುವೂ ಒಂದು ಪುಟ ತಡವರಿಸದೆ ಓದಬೇಕು’ ಎಂದು ಬರೆದರು. ನನಗೆ ಚೆನ್ನಾಗಿದೆ ಅನ್ನಿಸಿತು. ಅದರ ಕೆಳಗೆ ‘ಸಮಿತಿಯ ಒಬ್ಬೊಬ್ಬರು ಒಂದೊಂದು ಮಗುವನ್ನು ಸಂಜೆ ಅರ್ಧ ಗಂಟೆ ಓದಿಸಬೇಕು’ ಎಂದು ಬರೆದಾಗ ನಾನು ಬಾಗಿಲಿನ ಕಡೆ ನೋಡಿದೆ. ಒಬ್ಬರಿಗೆ ತೋಟಕ್ಕೆ ನೀರು ಬಿಡಬೇಕಿತ್ತು, ಇನ್ನೊಬ್ಬರಿಗೆ ಕಣ್ಣು ಮಂಜು. ಶಿವಣ್ಣನಿಗೆ ಆಗಲೇ ಫೋನು ಬಂತು. ಬೇಡ ಎನ್ನುವುದಕ್ಕೂ ಬಾಯಿ ಬೇಕಲ್ಲ? ನನ್ನ ಪಾಲಿಗೆ ಆರನೇ ತರಗತಿಯ ನಾಜಿಯಾ ಬಂದಳು.

ಅವಳಪ್ಪ ಫಯಾಜ್ ಟೆಂಪೋ ಓಡಿಸುವವನು. ತರೀಕೆರೆಯಿಂದ ನಮ್ಮೂರಿಗೆ ಬಂದು ವರ್ಷವೂ ಆಗಿರಲಿಲ್ಲ. ಅಲ್ಲಿ ಹುಡುಗಿ ಉರ್ದು ಶಾಲೆಯಲ್ಲಿ ಓದುತ್ತಿದ್ದಳು, ಚುರುಕಾಗಿಯೇ ಇದ್ದಳಂತೆ. ಇಲ್ಲಿ ಕನ್ನಡದ ಪುಸ್ತಕ ಬಿಚ್ಚಿದರೆ ಬಾಯಿ ಕಟ್ಟುತ್ತಿತ್ತು. ಮೊದಲ ಸಂಜೆ ನಮ್ಮ ಜಗಲಿಯ ಮೇಲೆ ಕೂತು ಅವಳು ಹೇಳಿದ್ದಿಷ್ಟು: “ಅಜ್ಜೀ, ದಸರಾದೊಳಗೆ ಓದೋಕೆ ಬರ್ಲಿಲ್ಲ ಅಂದ್ರೆ ಅಬ್ಬಾ ನನ್ನ ತರೀಕೆರೆಗೆ ನಾನಿ ಮನೆಗೆ ಬಿಡ್ತಾರಂತೆ, ಹಳೇ ಶಾಲೆಗೆ. ನಾನಿ ಅಂದ್ರೆ ಅಮ್ಮಿಯ ಅಮ್ಮ, ಒಳ್ಳೇವ್ರೇ. ಆದ್ರೆ ಅಮ್ಮಿ ಇಲ್ಲಿರ್ತಾರಲ್ಲ?” ಅವಳಿಗೆ ಹುಟ್ಟಿ ಎರಡು ತಿಂಗಳಾದ ತಮ್ಮನೂ ಇದ್ದ. ಅವನು ಯಾರ ಕೈಗೆ ಕೊಟ್ಟರೂ ಅಳುತ್ತಾನೆ, ತನ್ನ ಕೈಯಲ್ಲಿ ಮಾತ್ರ ಸುಮ್ಮನಾಗುತ್ತಾನೆ ಎಂದು ಹೆಮ್ಮೆಯಿಂದ ಹೇಳಿ, ಹೇಳುತ್ತಲೇ ಕಣ್ಣು ಒರೆಸಿಕೊಂಡಳು.

ನಾನು ಸಿಂಗಟಗೆರೆ ಕಡೆಯ ಹಳ್ಳಿ ಶಾಲೆಯಲ್ಲಿ ಕಲಿತವಳು. ಅಲ್ಲಿ ಮೇಷ್ಟ್ರು ಒಂದು ಸಾಲು ಹೇಳುತ್ತಿದ್ದರು, ನಾವು ಅರಚುತ್ತಿದ್ದೆವು. ಪುಸ್ತಕ ತರಗತಿಗೆಲ್ಲ ಒಂದೇ. ಪಾಠವೆಲ್ಲ ನನಗೆ ಬಾಯಿಗೆ ಬರುತ್ತಿತ್ತು, ಆದರೆ ನಡುವಿನ ಒಂದು ಸಾಲನ್ನು ತೋರಿಸಿ ಓದು ಎಂದರೆ ಮೊದಲಿಂದ ಹೊರಟು ಅಲ್ಲಿಗೆ ಬರಬೇಕಿತ್ತು. ಬೀರೂರು ಬಿಟ್ಟ ಪ್ಯಾಸೆಂಜರ್ ರೈಲು ನಡುವಿನ ಸ್ಟೇಷನ್ನುಗಳನ್ನೆಲ್ಲ ಹಾರಿ ಅಜ್ಜಂಪುರದಲ್ಲಿ ಇಳಿಯುತ್ತದೆಯೇ? ನಿಮ್ಮ ತಾತನದು ಇನ್ನೊಂದು ಬಗೆ. ದಿನಾ ನನಗೆ ಪೇಪರು ಓದಿ ಹೇಳುತ್ತಿದ್ದರು. ನಡುನಡುವೆ ಕೆಮ್ಮುತ್ತಿದ್ದರು. ಪಾಪ, ಕಫ ಎಂದು ಎಷ್ಟೋ ವರ್ಷ ಶುಂಠಿ ಕಷಾಯ ಮಾಡಿಕೊಟ್ಟೆ. ಕಷ್ಟದ ಪದ ಬಂದಲ್ಲೇ ಕೆಮ್ಮು ಬರುವುದೆಂದು ಗೊತ್ತಾದ ಮೇಲೂ ಕಷಾಯ ನಿಲ್ಲಿಸಲಿಲ್ಲ. ಅವರ ಮರ್ಯಾದೆ ಉಳಿಯಬೇಕಲ್ಲ. ಈಗ ಓದಿ ಹೇಳುವವರೂ ಇಲ್ಲ, ಕೆಮ್ಮುವವರೂ ಇಲ್ಲ.

ನನಗೆ ಕೆಮ್ಮಲು ಬರುವುದಿಲ್ಲ. ಹಾಗಾಗಿ ಕಷ್ಟದ ಪದ ಬಂದಲ್ಲಿ ‘ಏನೋ ಒಂದು’ ಎಂದು ಮುಂದಕ್ಕೆ ಹೋಗುವುದು ನನ್ನ ಅಭ್ಯಾಸ. ಸಂಜೆ ಅಲಸಂದೆಕಾಯಿ ಸುಲಿಯುತ್ತ ನಾನು ಒಂದೊಂದೇ ಸಾಲು ಓದುವುದು, ನಾಜಿಯಾ ಹಾಗೇ ಹೇಳುವುದು. ಎಂಥ ಜ್ಞಾಪಕಶಕ್ತಿ ಅಂತೀರಿ! ಎರಡು ವಾರದಲ್ಲಿ ವಿಜ್ಞಾನದ ಪಾಠವೊಂದನ್ನು ಪಟಪಟನೆ ಹೇಳಿದಳು. ನಾನು ಉಬ್ಬಿಹೋದೆ. ಟೀಚರುಗಳು ಇಷ್ಟಕ್ಕೆ ಯಾಕೆ ಒದ್ದಾಡುತ್ತಾರೋ ಎಂದುಕೊಂಡೆ.

ರಜೆಗೆ ಮುಂಚೆ ಅಪ್ಪ ಅಮ್ಮಂದಿರನ್ನೆಲ್ಲ ಕರೆಸಿ ಮಕ್ಕಳಿಂದ ಓದಿಸಿದರು. ಸಿಂಚನ, ನೀನು ಆಗ ಜ್ವರ ಬಂದು ಮಲಗಿದ್ದೆ. ನಾಜಿಯಾಳ ಸರದಿ ಬಂತು. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು, ಪುಸ್ತಕ ಹಿಡಿದು, ನಮ್ಮ ಪಾಠವನ್ನೇ ತೆಗೆದು ಗಟ್ಟಿಯಾಗಿ ಓದಿದಳು: “ಹಸಿರು ಸಸ್ಯಗಳು ಸೂರ್ಯನ ಬೆಳಕಿನಲ್ಲಿ ಏನೋ ಒಂದು ಕ್ರಿಯೆಯಿಂದ ಆಹಾರವನ್ನು ತಯಾರಿಸಿಕೊಳ್ಳುತ್ತವೆ. ಎಲೆಗಳಲ್ಲಿರುವ ಏನೋ ಒಂದು ಇದಕ್ಕೆ ಸಹಾಯ ಮಾಡುತ್ತದೆ.”

ಶಿವಣ್ಣ, “ಪಾಪ, ಏನ್ ಮಾಡ್ತಾ ಐತೆ ಅಂತ ಗಿಡಕ್ಕೇ ಗೊತ್ತಿಲ್ಲ ಕಣ್ರೀ!” ಎಂದರು. ಕೊಠಡಿಯೆಲ್ಲ ನಗು. ಮೇಡಂ ಮೆಲ್ಲಗೆ ಬೇರೊಂದು ಪುಟ ತೆಗೆದು ಕೊಟ್ಟರು. ಹುಡುಗಿ ಒಂದು ಪದ ಓದಿದಳು, ಎರಡನೆಯದರಲ್ಲಿ ನಿಂತಳು. ಹಿಂದಿನ ಸಾಲಿನಲ್ಲಿದ್ದ ಫಯಾಜ್ ಎದ್ದು, “ಆಯ್ತು ಬಿಡಿ ಮೇಡಂ. ಅವಳ್ದೇನೂ ತಪ್ಪಿಲ್ಲ. ತರೀಕೆರೆಗೇ ಬಿಟ್ಟು ಬತ್ತೀನಿ” ಎಂದ. ನಾಜಿಯಾ ನನ್ನ ಕಡೆ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನಾನು ಕೂತೇ ಇರುತ್ತಿದ್ದೆನೇನೋ. ಅವಳು ಹಾಗೆ ನೋಡಲಿಲ್ಲ, ನಾನು ಹೇಳಿಕೊಟ್ಟದ್ದನ್ನು ಚೆನ್ನಾಗಿ ಹೇಳಲಿಲ್ಲವೇ ಎಂದು ಕೇಳುವಂತೆ ನೋಡಿದಳು.

ಹೇಗೆ ಎದ್ದೆನೋ ಗೊತ್ತಿಲ್ಲ. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಶಿವಣ್ಣನ ಚಪ್ಪಲಿ ನೋಡುತ್ತ ಹೇಳಿದೆ. “ಮಗು ತಪ್ಪು ಓದ್ಲಿಲ್ಲ. ನಾನು ಹೇಳ್ಕೊಟ್ಟಂಗೇ ಹೇಳಿದ್ಲು. ಆ ಪದ ನಂಗೇ ಓದಾಕೆ ಬರಲ್ಲ.” ನಗು ನಿಂತಿತು. ನಿಂತ ಮೇಲೆ ನನಗೆ ಇನ್ನೂ ಭಯವಾಯಿತು. ಮೇಡಂ ಹತ್ತಿರ ಬಂದು ಪುಸ್ತಕ ನನ್ನ ಕೈಗಿಟ್ಟು, ಪದದ ಕೆಳಗೆ ಬೆರಳಿಟ್ಟು, “ಒಡೆದು ಓದಿ ಅಜ್ಜಿ, ಅವಸರ ಬೇಡ” ಎಂದರು. ದ್ಯು. ತಿ. ಸಂ. ಆಮೇಲಿನ ಅಕ್ಷರಕ್ಕೆ ಬೆವರು ಬಂತು. ಪಕ್ಕದಲ್ಲಿ ನಿಂತಿದ್ದ ನಾಜಿಯಾ ತರಗತಿಯಲ್ಲಿ ಕೇಳಿದ್ದು ನೆನಪಾಗಿ ಪಿಸುಗುಟ್ಟಿದಳು: “ಶ್ಲೇ, ಅಜ್ಜೀ.” ಇಬ್ಬರೂ ಸೇರಿ ದ್ಯುತಿಸಂಶ್ಲೇಷಣೆಯನ್ನು ದಡ ಸೇರಿಸಿದೆವು. ನಾನು ಅಲ್ಲೇ ತಿರುಗಿ, “ಫಯಾಜಪ್ಪಾ, ದೀಪಾವಳಿವರ್ಗೂ ಇಲ್ಲೇ ಬಿಡು. ಇಬ್ರೂ ಕಲೀತೀವಿ” ಎಂದೆ. ಅವನು ಮಗಳನ್ನು ನೋಡಿದ, ನನ್ನನ್ನು ನೋಡಿದ. “ನೀವೂ ಕಲೀತೀರಾ ಅಮ್ಮಾ?” ಎಂದ. “ಹೂಂ ಕಣಪ್ಪ” ಎಂದೆ. “ಹಂಗಾದ್ರೆ ದೀಪಾವಳಿವರ್ಗೂ ಇರ್ತಾಳೆ” ಎಂದು ಕೂತ.

ಆ ಮೇಲೆ ಜಗಲಿಯ ಪಾಠ ಬದಲಾಯಿತು. ಅವಳು ಓದುವುದು, ನಾನು ಅಲಸಂದೆಕಾಯಿ ಬಿಟ್ಟು ಅಕ್ಷರ ನೋಡುವುದು. ಒತ್ತಕ್ಷರ ಬಂದಲ್ಲಿ ಇಬ್ಬರೂ ನಿಂತು ಉಸಿರೆಳೆದುಕೊಳ್ಳುವುದು. ಅವಳಿಗೆ ಓದುವ ಹುಚ್ಚು ಹಿಡಿಯಿತು. ಗೊಬ್ಬರದ ಚೀಲ, ಗೋಡೆಯ ಮೇಲಿನ ಪೋಲಿಯೋ ಬರಹ, ನನ್ನ ಬಿ.ಪಿ. ಮಾತ್ರೆಯ ಚೀಟಿ, ಯಾವುದನ್ನೂ ಬಿಡಲಿಲ್ಲ. ದೀಪಾವಳಿಗೆ ಮುಂಚೆ ಮೇಡಂ ಅವಳು ಕಂಡೇ ಇರದ ಪುಸ್ತಕವೊಂದನ್ನು ಕೊಟ್ಟರು. ಒಂದು ಪುಟ ಕೇಳಿದರೆ ಎರಡು ಪುಟ ಓದಿ, ಇನ್ನೂ ಓದಲಾ ಎಂದು ಕೇಳಿದಳು. ಫಯಾಜ್ ಟೆಂಪೋ ನಿಲ್ಲಿಸಿ ಕಿಟಕಿಯ ಹೊರಗೇ ನಿಂತು ಕೇಳಿದ. ಸಂಜೆ ಅವಳ ಅಮ್ಮಿ ಶಾವಿಗೆ ಪಾಯಸ ಕಳಿಸಿದಳು. ನೀವಿಬ್ಬರೂ ಬಟ್ಟಲು ನೆಕ್ಕಿದಿರಲ್ಲ, ಅದೇ.

ಹುಡುಗಿ ಓದಲು ಕಲಿತಳು, ಊರಲ್ಲೇ ಉಳಿದಳು, ಸಂಜೆ ಬರುವುದು ನಿಂತಿತು. ಮತ್ಯಾಕೆ ಬರಬೇಕು? ದಾರಿಯಲ್ಲಿ ಸಿಕ್ಕರೆ ತಮ್ಮನನ್ನು ಸೊಂಟಕ್ಕೇರಿಸಿಕೊಂಡು “ಅಜ್ಜೀ” ಎಂದು ಕೂಗಿ ಓಡುತ್ತಾಳೆ. ನಾನು ಒಬ್ಬಳೇ ಜಗಲಿಯ ಮೇಲೆ ಕೂತು ಪೇಪರು ಓದುತ್ತೇನೆ. ಒಂದು ಪದವನ್ನೂ ಹಾರಿಸದೆ ಓದುತ್ತೇನೆ. ಕೇಳುವವರು ಮಾತ್ರ ಇಲ್ಲ. ನೀವಿಬ್ಬರೂ ಟಿ.ವಿ. ಮುಂದೆ ಇರುತ್ತೀರಿ.

ಜೂನಿನಲ್ಲಿ ಮತ್ತೆ ಸಭೆ, ಗೋಡೆಗೆ ಹೊಸ ಹಾಳೆ. ಈ ಸಲ ಯಾರು ಮಕ್ಕಳನ್ನು ಓದಿಸುತ್ತೀರಿ ಎಂದು ಮೇಡಂ ಕೇಳಿದ್ದೇ ತಡ, “ನಂಗೊಂದು ಕೊಡಿ ಮೇಡಂ” ಎಂದುಬಿಟ್ಟೆ. “ಎಲ್ರಿಗಿಂತ ನಿಧಾನಕ್ಕೆ ಓದೋ ಮಗೂನೇ ಕೊಡಿ.” ಮೇಡಂ ಕಣ್ಣು ತುಂಬಿಕೊಂಡರು. “ನೋಡಿ ಶಿವಣ್ಣ, ಅಜ್ಜಿ ದೊಡ್ಡತನ ನೋಡಿ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ. ನಾಚಿಕೆ ಎಂದುಕೊಂಡರು ಪಾಪ. ಮಕ್ಕಳು ದಸರಾದೊಳಗೇ ಓದಬೇಕೆಂಬುದು ಶಾಲೆಯ ಗುರಿ. ನನ್ನ ಪಾಲಿನ ಮಗು ಯುಗಾದಿಯವರೆಗಾದರೂ ನಮ್ಮ ಜಗಲಿಯ ಮೇಲೆ ಕೂತು ತಡವರಿಸಲಿ ಎಂಬುದು ನನ್ನದು. ಅದನ್ನು ಅಷ್ಟು ಜನರ ಮುಂದೆ ಹೇಳುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ.