ನೂರಕ್ಕೆ ಎರಡು ಚಾರ್ಜು, ಮೇಲೊಂದಿಷ್ಟು ಕೊಸರು

ಪಿರಿಯಾಪಟ್ಟಣದ ನಮ್ಮ ಮಾವನ ಅಂಗಡಿ ಬಾಗಿಲು ತೆಗೆದು ಕಸ ಗುಡಿಸೋ ಅಷ್ಟರಲ್ಲಿ ಏನಾದರೊಂದು ಆಗೇ ಆಗುತ್ತೆ. ನಾನು ಸುಮ್ಮನಿದ್ದರೂ ಆಗುತ್ತೆ, ಸುಮ್ಮನಿರದಿದ್ದರೆ ಇನ್ನೂ ಚೆನ್ನಾಗಿ ಆಗುತ್ತೆ. ನಾನು ಸುಮ್ಮನಿರೋ ಆಸಾಮಿ ಅಲ್ಲ ಅಂತ ನಮ್ಮ ಬೀದಿಗೆಲ್ಲ ಗೊತ್ತು.

ನಮ್ಮ ಕಡೆ ಹರಾಜು ಅಂದರೆ ಹೊಗೆಸೊಪ್ಪು. ಮಾವ ಒಬ್ಬನೇ ಹಳೇ ಸಾಮಾನು ಹರಾಜು ಹಾಕೋನು, ಅದೂ ಫೋನಲ್ಲಿ. ಬೆಳಿಗ್ಗೆ ನಾನು ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಕು. ದೀಪ ಹಚ್ಚೋ ಹೊತ್ತಿನ ತನಕ ಜನ ಕೂಗ್ತಾರೆ. ಜಾಸ್ತಿ ಕೂಗಿದೋನಿಗೆ ಒಂದು ಲಿಂಕು ಕಳಿಸಿದರೆ ಅವನು ಅದರಲ್ಲಿ ದುಡ್ಡು ಹಾಕ್ತಾನೆ. ಆಗ ಮೇಜಿನ ಮೇಲಿರೋ ಪುಟಾಣಿ ಡಬ್ಬ ‘ಇಷ್ಟು ರೂಪಾಯಿ ಸ್ವೀಕರಿಸಲಾಗಿದೆ’ ಅಂತ ಬೀದಿಗೆಲ್ಲ ಕೇಳೋ ಹಂಗೆ ಕೂಗುತ್ತೆ. ಅಂಗಡಿ ಇರೋದು ನಮ್ಮ ಅಜ್ಜಿ, ಅಂದರೆ ಮಾವನ ಅವ್ವನ ಹೆಸರಲ್ಲಿ. ಆದ್ದರಿಂದ ಲಿಂಕೂ ಅವಳ ಹೆಸರಲ್ಲೇ.

ಈ ಲಿಂಕಿನ ಕಂಪನಿಯೋರು ನೂರಕ್ಕೆ ಎರಡು ರೂಪಾಯಿ ಹಿಡಕೊಂಡು ಮಿಕ್ಕಿದ್ದು ಕೊಡ್ತಾರೆ. ಕೆಲವು ದಿನ ಮಾವ ತಡಕೊಂಡ. ಆಮೇಲೆ ಒಂದಿನ ಎದೆ ಕೆರಕೊಂಡು ಹೇಳಿದ: ‘ಕೂಗೋನು ಅವನು, ಸಾಮಾನು ಒಯ್ಯೋನು ಅವನು, ಚಾರ್ಜು ಮಾತ್ರ ನಾನ್ಯಾಕ್ಲಾ ಕೊಡಬೇಕು? ಗಿರಾಕಿ ತಲೆಗೆ ಹಾಕು. ನೂರರ ಒಳಗಾದ್ರೆ ಬುಡು, ದಾಟಿದ್ರೆ ಹಾಕು.’

ನಾನು ಈ ಅಂಗಡಿಗೆ ಬಂದಿದ್ದಕ್ಕೂ ಒಂದು ಕಾರಣ ಐತೆ. ಎಸ್ಸೆಸ್ಸೆಲ್ಸಿ ಗಣಿತ ನನ್ನನ್ನ ಎರಡು ಸಲ ಎತ್ತಿ ಒಗೀತು. ಅಪ್ಪ ನನ್ನನ್ನ ಊರಲ್ಲಿ ಹೊಗೆಸೊಪ್ಪು ಕಾಯಿಸಿ ಒಣಗಿಸೋ ಬ್ಯಾರನ್ನಿಗೆ ಸೌದೆ ಹಾಕೋಕೆ ನಿಲ್ಲಿಸಿದ. ಅದರ ಒಲೆ ಬಾಯಿ ಮುಂದೆ ನಿಂತರೆ ಹುಬ್ಬು ತಾನಾಗೇ ಉದುರ್ತವೆ. ಮಾವ ಬಂದು ನನ್ನನ್ನ ಬಿಡಿಸಿಕೊಂಡು ಬಂದ, ಒಂದೇ ಷರತ್ತಿನ ಮೇಲೆ: ‘ಚಾರ್ಜಿನ ಇಸ್ಯಕ್ಕೆ ಒಬ್ಬೇ ಒಬ್ಬ ಗಿರಾಕಿ ನನ್ನ ಮುಂದೆ ಬಂದು ದೂರು ಹೇಳಬಾರದು. ಹೇಳಿದ್ರೆ ಅವತ್ತೇ ನಿನ್ನ ಬಸ್ಸು ಹತ್ತಿಸ್ತೀನಿ, ನೆಟ್ಟಗೆ ಬ್ಯಾರನ್ ಬಾಯಿಗೆ.’

ಆಗ ತಾನೆ ನನ್ನ ಹುಬ್ಬು ಮತ್ತೆ ಚಿಗುರ್ತಾ ಇದ್ದವು.

೧. ತಾತನ ಹಿಡಿ

ಮೊದಲ ಗಂಡಾಂತರ ಬಂದಿದ್ದು ಕೆ.ಆರ್. ನಗರದ ಆಚೆ, ಹೊಸ ಅಗ್ರಹಾರದ ಕಡೆಯಿಂದ. ಒಬ್ಬ ತಾತ. ಮೊಮ್ಮಗನ ಕೈಲಿ ಫೋನಲ್ಲಿ ಕೂಗಿಸಿ ಔಷಧಿ ಹೊಡೆಯೋ ಪಂಪನ್ನ ಆರುನೂರಕ್ಕೆ ಹಿಡಿದಿದ್ದರು. ಮೊಮ್ಮಗ ಲಿಂಕಲ್ಲಿ ಆರುನೂರ ಹನ್ನೆರಡು ಹಾಕಿದ್ದ. ಆ ಹನ್ನೆರಡರ ಸಮಾಚಾರ ತಾತನಿಗೆ ಬಸ್ಸಲ್ಲಿ ತಿಳೀತಂತೆ. ಅಂಗಡಿಗೆ ಬಂದವರೇ ಪಂಪು ನೋಡಲಿಲ್ಲ, ಸ್ಟೂಲ್ ಎಳಕೊಂಡು ಕೂತರು.

‘ಲೇ ಮಗ, ಸಂತೇಲಿ ಬದನೆಕಾಯಿ ತಗೊಂಡ್ರೂ ತೂಕದ ಮ್ಯಾಲೆ ಒಂದು ಕಾಯಿ ಕೊಸರು ಹಾಕ್ತಾರೆ. ಕೊಸರು ಕೊಡೋದ ಕಂಡಿದೀನಿ. ಕೊಸರು ಕಿತ್ಕೊಳ್ಳೋದ ಇವತ್ತೇ ಕಣ್ಲಾ ಕಂಡಿದ್ದು. ಎಲ್ಲಿ ನಿಮ್ಮ ಯಜಮಾನ?’

ಯಜಮಾನ ಎದುರುಗಡೆ ಟೀ ಕುಡಿದು ರಸ್ತೆ ದಾಟ್ತಾ ಇದ್ದ. ನನ್ನ ಹುಬ್ಬು ಜುಂ ಅಂದವು.

‘ತಾತ, ನಿಮಗೂ ಕೊಸರು ಐತೆ’ ಅಂದೆ. ಕೈಗೆ ಸಿಕ್ಕಿದ ನಟ್ಟು ಬೋಲ್ಟಿನ ಡಬ್ಬಿ ಮುಂದೆ ಹಿಡಿದೆ. ‘ಒಂದು ಹಿಡಿ ತಗೊಳಿ.’

ಹಿಡಿ ಅಂದರೆ ನನ್ನ ಹಿಡಿ ಲೆಕ್ಕ ಹಾಕಿದ್ದೆ. ಆ ತಾತ ಜೀವಮಾನವೆಲ್ಲ ನೇಗಿಲು ಹಿಡಿದವರು, ಕೈ ಮೊರದ ಹಂಗಿತ್ತು. ಬಲಗೈ ಹಾಕಿ ಬಾಚಿದರು, ಆಮೇಲೆ ಎಡಗೈ ಹಾಕಿದರು. ‘ಇದು ಮೊಮ್ಮಗಂದು. ಕೂಗಿದ್ದು ಅವನಲ್ವಾ’ ಅಂದರು.

ಮಾವ ಒಳಗೆ ಬಂದ. ತಾತ ಅವನಿಗೆ ‘ಒಳ್ಳೆ ಹುಡುಗನ್ನ ಮಡಗಿದೀಯ ಕಣಪ್ಪ’ ಅಂದರು. ನಾನು ಉಸಿರು ಬಿಟ್ಟೆ. ಬಾಗಿಲ ತನಕ ಹೋದ ತಾತ ತಿರುಗಿ ಬಂದು, ಖಾಲಿ ಡಬ್ಬಿ ಬಗ್ಗಿಸಿ ನೋಡಿ, ‘ಇಷ್ಟೇನಾ?’ ಅಂದರು.

ಆ ಡಬ್ಬಿಯಲ್ಲಿ ಇದ್ದದ್ದು ಮಾರನೇ ದಿನ ಹರಾಜಿಗಿದ್ದ ತಳ್ಳುಗಾಡಿಯ ಚಕ್ರದ ನಟ್ಟುಗಳು. ಬೆಳಿಗ್ಗೆ ಗಾಡಿ ಒಂದು ಕಡೆ, ಚಕ್ರ ಇನ್ನೊಂದು ಕಡೆ ಇಟ್ಟು ಫೋಟೊ ತೆಗೆದೆ. ಕೆಳಗೆ ಬರೆದೆ: ‘ಚಕ್ರ ಬಿಚ್ಚಿಯೇ ಕೊಡಲಾಗುವುದು. ಸಾಗಿಸಲು ಬಲು ಸಲೀಸು.’

೨. ಪುಕ್ಸಟ್ಟೆ ಬಸ್ಸು

ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದೋರು ಒಬ್ಬರು ಸಾವಿರದ ಇನ್ನೂರಕ್ಕೆ ಮಿಕ್ಸಿ ಹಿಡಿದರು. ಲಿಂಕು ನೋಡಿದವರೇ ಫೋನ್ ಮಾಡಿದರು.

‘ಇಪ್ಪತ್ನಾಕು ರೂಪಾಯಿ ಜಾಸ್ತಿ ಯಾಕಪ್ಪಾ?’

‘ಲಿಂಕಿನ ಚಾರ್ಜು ಅಣ್ಣ.’

‘ಕೈಲಿ ದುಡ್ಡು ಕೊಟ್ರೆ?’

‘ಕೈಲಿ ಕೊಟ್ರೆ ಏನೂ ಇಲ್ಲ.’

‘ಹಂಗಾದ್ರೆ ನಾಳೆ ನಮ್ಮೋಳ್ನ ಕಳಿಸ್ತೀನಿ ಬುಡು. ಹೆಂಗಸ್ರಿಗೆ ಬಸ್ಸು ಪುಕ್ಸಟ್ಟೆ ತಾನೆ.’

ಮಾರನೇ ದಿನ ಕೋಟೆ, ಹುಣಸೂರು ಎಲ್ಲ ಬಸ್ಸು ಬದಲಾಯಿಸಿಕೊಂಡು ಆ ಅಕ್ಕ ಬಂದರು. ಬಸ್ಸು ಪುಕ್ಸಟ್ಟೆ ಅಂತ ಅತ್ತೆಯೂ ಬಂದಿದ್ದರು, ನಾದಿನಿಯೂ ಬಂದಿದ್ದರು. ನಾನು ಮಿಕ್ಸಿ ತಂದು ಮುಂದಿಟ್ಟೆ. ಅಕ್ಕ ಅದನ್ನ ನೋಡಿದರು, ಅತ್ತೆ ಮುಖ ನೋಡಿದರು, ಗಂಡನಿಗೆ ಫೋನ್ ಮಾಡಿದರು.

‘ಏನ್ರೀ, ಏನೋ ಸಾಮಾನು ಅಂದ್ರಲ್ಲ, ಮಿಕ್ಸಿನಾ? ಮನೇಲಿ ಎರಡು ಮಿಕ್ಸಿ ಅವೆ.’

‘ಕಮ್ಮಿಗೆ ಬಂತು ಕಣೆ.’

‘ಕಮ್ಮಿಗೆ ಬಂದ್ರೆ ನೀವೇ ರುಬ್ಕೊಳಿ’ ಅಂತ ಫೋನ್ ಇಟ್ಟರು. ಮಿಕ್ಸಿ ನನ್ನ ಕಡೆ ತಳ್ಳಿದರು. ದುಡ್ಡು ಮಾತ್ರ ಸೆರಗಲ್ಲೇ ಉಳೀತು. ಮೂವರೂ ‘ಇಷ್ಟು ದೂರ ಬಂದಿದೀವಿ’ ಅಂತ ಬಟ್ಟೆ ಅಂಗಡಿ ಕಡೆ ಹೊರಟರು.

ವ್ಯಾಪಾರ ಹೋಯ್ತಲ್ಲ, ಈಗ ಮಾವನಿಗೆ ಏನು ಹೇಳ್ತಾರೋ ಅಂತ ನಾನು ಮೇಜಿನ ಕೆಳಗೆ ಏನೋ ಬೀಳಿಸಿಕೊಂಡೋರ ಹಂಗೆ ಹುಡುಕ್ತಾ ಕೂತೆ. ಸಾಯಂಕಾಲ ಮೂವರೂ ಹೊಸ ಸೀರೆ ಕವರ್ ಹಿಡಕೊಂಡು ಅಂಗಡಿಗೇ ಬಂದರು. ಮಾವ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದ.

‘ಅಣ್ಣ, ನೀವು ಆ ಚಾರ್ಜು ಹಾಕಿದ್ದು ಭಾಳಾ ಒಳ್ಳೇದಾಯ್ತು ಕಣಣ್ಣ’ ಅಂದರು ಅಕ್ಕ. ‘ಇಲ್ದಿದ್ರೆ ನಮ್ಮೋರು ಮನೇಲೇ ಕೂತು ದುಡ್ಡು ಹಾಕ್ಬುಡೋರು.’

೩. ತೊಂಬತ್ತೊಂಬತ್ತು

ಇದು ಮಾತ್ರ ನಾನೇ ಕೈಯಾರೆ ಮಾಡಿಕೊಂಡಿದ್ದು. ಕೆ.ಆರ್. ನಗರದ ಒಬ್ಬ ಹುಡುಗ ಸಾವಿರದ ಐನೂರಕ್ಕೆ ದೊಡ್ಡ ಸ್ಪೀಕರ್ ಹಿಡಿದ. ಮೂವತ್ತು ರೂಪಾಯಿ ಚಾರ್ಜಿಗೆ ಮೂರು ಸಲ ಫೋನ್ ಮಾಡಿ ಪೀಡಿಸಿದ. ಮಾವನ ನಂಬರು ಕೇಳಿದಾಗ ನಾನು ಮೆತ್ತಗೆ ಒಂದು ಉಪಾಯ ಹೇಳಿಕೊಟ್ಟೆ: ‘ನೂರರ ಒಳಗೆ ಹಾಕಿದ್ರೆ ನಮ್ಮ ಮಾವ ಚಾರ್ಜು ಕೇಳಲ್ಲ.’

ತಮಾಷೆಗೆ ಹೇಳಿದ್ದು. ಅವನು ತಮಾಷೆ ಮಾಡೋ ಪೈಕಿ ಅಲ್ಲ.

ಸ್ವಲ್ಪ ಹೊತ್ತಿಗೆ ಡಬ್ಬ ಕೂಗಿತು. ‘ತೊಂಬತ್ತೊಂಬತ್ತು ರೂಪಾಯಿ ಸ್ವೀಕರಿಸಲಾಗಿದೆ.’ ಮತ್ತೆ ಕೂಗಿತು. ಮತ್ತೆ ಕೂಗಿತು. ಅದು ಉಸಿರು ತಗೊಳ್ಳೋ ಲಕ್ಷಣವೇ ಕಾಣಲಿಲ್ಲ. ಎದುರುಗಡೆ ಟೀ ಅಂಗಡಿಯೋನು ಸೌಟು ಹಿಡಕೊಂಡೇ ರಸ್ತೆ ದಾಟಿ ಬಂದ. ಅವನ ಹಿಂದೆ ಬೆಂಚಿನ ಮೇಲಿದ್ದೋರೆಲ್ಲ ಎದ್ದು ಬಂದರು.

‘ಏನ್ಲಾ ಅದು, ತೊಂಬತ್ತೊಂಬತ್ತಕ್ಕೆ ಇಂಗೆ ಹೋಯ್ತಾ ಐತೆ?’

‘ಏನಾದ್ರೂ ಇರ್ಲಿ, ನನಗೂ ಒಂದು ಹಾಕು.’

‘ನನಗೆ ಎರಡು. ತಂಗಿ ಮನೆಗೂ ಬೇಕು.’

ಸಾಲು ನಿಂತುಬಿಟ್ಟರು. ಹಿತ್ತಲಲ್ಲಿ ಸ್ನಾನ ಮಾಡ್ತಿದ್ದ ಮಾವ ಕಿವಿ ತುಂಬ ಸೋಪು, ಸೊಂಟಕ್ಕೆ ಟವಲು ಸುತ್ತಿಕೊಂಡು ಓಡಿ ಬಂದ. ಜನ ನೋಡಿ ಅವನ ಮುಖ ಹಬ್ಬದ ಹಂಗಾಯ್ತು. ‘ಬನ್ನಿ ಬನ್ನಿ, ನೂಕಬೇಡಿ, ಎಲ್ರಿಗೂ ಸಿಗ್ತದೆ’ ಅಂದ. ಆಮೇಲೆ ನನ್ನ ಕಿವಿ ಹತ್ರ ಬಗ್ಗಿ ಕೇಳಿದ:

‘ಲೇ, ಏನ್ಲಾ ಮಾರ್ತಿದೀವಿ?’

ನಾನು ಬಾಯಿ ತೆಗೆಯೋ ಅಷ್ಟರಲ್ಲಿ ಆ ಹುಡುಗ ಕೊನೆಯ ಕಂತು ಹಾಕಿದ. ಡಬ್ಬ ಕೂಗಿತು: ‘ಹದಿನೈದು ರೂಪಾಯಿ ಸ್ವೀಕರಿಸಲಾಗಿದೆ.’

ಸಾಲಿನ ಹಿಂದಿನಿಂದ ಒಬ್ಬ ಅಂದ: ‘ತಡೀರ್ಲಾ, ಯಾರೂ ದುಡ್ಡು ಕೊಡಬೇಡಿ. ರೇಟು ಇಳೀತಾ ಐತೆ.’

೪. ಹುಣಸೂರಿನ ಪಾರ್ಟಿ

ಅವತ್ತು ಜನ ಚದುರಿದ ಮೇಲೆ ಮಾವ ಕಿವಿಯ ಸೋಪು ಒರೆಸಿಕೊಂಡು ಹೇಳಿದ: ‘ಇದು ಕೊನೆ. ಇನ್ನೊಂದು ಸಲ ಚಾರ್ಜಿನ ಹೆಸರಲ್ಲಿ ಗಿರಾಕಿ ಸೊಲ್ಲೆತ್ತಿದ್ರೆ ನಿಮ್ಮಪ್ಪನ ಬ್ಯಾರನ್ನೇ ನಿನಗೆ ಗತಿ.’ ಸುಮ್ಮನಿರಬೇಕು ಅಂತ ನಾನೂ ತೀರ್ಮಾನ ಮಾಡಿದೆ. ಅಜ್ಜಿ ಬಿಡಬೇಕಲ್ಲ.

ಹಿತ್ತಲಲ್ಲಿ ಒಂದು ಹಳೇ ವಾಷಿಂಗ್ ಮೆಷಿನ್ ಬಿದ್ದಿತ್ತು. ಮಾವ ಎಲ್ಲಿಂದಲೋ ತಂದು ನಮ್ಮ ಗುಂಪಲ್ಲಿ ಹರಾಜಿಗೆ ಹಾಕಿ ಹಾಕಿ ಸುಸ್ತಾಗಿದ್ದ. ಒಬ್ಬನೂ ಕೂಗಿರಲಿಲ್ಲ. ಅಜ್ಜಿಯ ಕೆಂಪು ಕೋಳಿ ದಿನಾ ಅದರೊಳಗೆ ಇಳಿದು ಮೊಟ್ಟೆ ಇಡೋದು. ‘ಬಗ್ಗಿ ತೆಗೆಯೋಕೆ ನನ್ನ ಸೊಂಟ ಆಗಕಿಲ್ಲ ಕಣ್ಲಾ. ಯಾರಿಗಾದ್ರೂ ಮಾರಾಕು ಅದ’ ಅಂದಳು.

ಹುಣಸೂರಿನೋರದ್ದು ಒಂದು ಹರಾಜಿನ ಗುಂಪು ಐತೆ, ಯಾರು ಬೇಕಾದರೂ ಸಾಮಾನು ಹಾಕಬಹುದು. ಮೆಷಿನ್ನಿಗೆ ನಿಂಬೆಹಣ್ಣು ಹಚ್ಚಿ ಉಜ್ಜಿದೆ. ಹಿಂದೆ ಹಗ್ಗಕ್ಕೆ ಅಜ್ಜಿಯ ರೇಷ್ಮೆ ಸೀರೆ ಇಳಿಬಿಟ್ಟು ಫೋಟೊ ತೆಗೆದೆ. ಅಜ್ಜಿಯ ಫೋನಿಂದಲೇ ಹಾಕಿದೆ, ಅದರ ಹೊಸ ನಂಬರು ಮಾವನಿಗೆ ಇನ್ನೂ ಗೊತ್ತಿರಲಿಲ್ಲ: ‘ಮನೆ ಬಳಕೆಯದು. ಒಬ್ಬರೇ ಉಪಯೋಗಿಸಿದ್ದು.’ ಕೋಳಿ ಒಂದೇ ತಾನೆ.

ಮಧ್ಯಾಹ್ನ ಮಾವ ಫೋನ್ ನೋಡ್ತಾ ಎದ್ದು ಕೂತ.

‘ಲೇ ಬಾ ಇಲ್ಲಿ. ಹುಣಸೂರಲ್ಲಿ ಒಂದು ಮೆಷಿನ್ ಬಂದೈತೆ, ನಮ್ದರ ಥರದ್ದೇ. ನೋಡು ಎಷ್ಟು ನೀಟಾಗಿ ಮಡಗವ್ರೆ. ನೀನೂ ಇದೀಯ. ಇದನ್ನ ತಗೊಂಡು ಬಿಚ್ಚಿದ್ರೆ, ಇದರ ಸಾಮಾನು ನಮ್ದಕ್ಕೆ ಹಾಕಿ ರೆಡಿ ಮಾಡ್ಬುಡಬೋದು.’

ನಾನು ಟವಲು ಕಚ್ಚಿಕೊಂಡು ನಿಂತೆ. ಹುಣಸೂರಿನ ಯಾವನೋ ಎರಡು ಸಾವಿರದ ನಾನೂರರ ತನಕ ಜಗ್ಗಿದ. ಮಾವ ಹಠಕ್ಕೆ ಬಿದ್ದು ಎರಡೂವರೆ ಸಾವಿರ ಕೂಗಿ ಗೆದ್ದ. ನಾನು ಹಿತ್ತಲ ಬಾಗಿಲ ಮರೆಗೆ ಹೋಗಿ ಅಜ್ಜಿ ಫೋನಿಂದ ಅಂಗಡಿಯ ಲಿಂಕನ್ನೇ ಕಳಿಸಿದೆ: ‘ಚಾರ್ಜು ಸೇರಿ ಎರಡು ಸಾವಿರದ ಐನೂರ ಐವತ್ತು.’

ಮಾವ ಕೆಂಡ ಆದ. ‘ಯಾವನ್ಲಾ ಇವನು ಹುಣಸೂರಿನ ಪಾರ್ಟಿ? ಮಾರೋನು ಇವನು, ದುಡ್ಡು ಎಣಿಸ್ಕೊಳ್ಳೋನು ಇವನು, ಚಾರ್ಜು ಮಾತ್ರ ನಾನ್ಯಾಕೆ ಕೊಡಬೇಕು?’

‘ಅದೇ ಅಲ್ವಾ ಮಾವ.’

‘ಕೈಲಿ ದುಡ್ಡು ಕೊಟ್ರೆ? ಅವ್ವನ್ನ ಪುಕ್ಸಟ್ಟೆ ಬಸ್ಸಲ್ಲಿ ಹುಣಸೂರಿಗೆ ಕಳಿಸಾನ.’

‘ನಾನ್ ಹೋಗಕಿಲ್ಲ’ ಅಂತ ಅಜ್ಜಿ ಒಳಗಿಂದಲೇ ಅಂದಳು.

‘ತೊಂಬತ್ತೊಂಬತ್ತು ತೊಂಬತ್ತೊಂಬತ್ತು ಮಾಡಿ ಹಾಕ್ಲಾ?’

‘ಅವ್ರು ಒಪ್ಪಲ್ವಂತೆ ಮಾವ.’

ಕನ್ನಡಕ ಹುಡುಕೋ ತಾಳ್ಮೆ ಮಾವನಿಗೆ ಇರಲಿಲ್ಲ. ‘ಒತ್ತು’ ಅಂತ ಫೋನ್ ನನ್ನ ಕೈಗೆ ಕೊಟ್ಟ. ನಾನು ಲಿಂಕು ಒತ್ತಿ ಕೊಟ್ಟೆ, ಗುಟ್ಟಿನ ನಂಬರು ಅವನೇ ಹಾಕಿದ. ಡಬ್ಬವನ್ನ ನಾನು ಮೊದಲೇ ಗೋಣಿಚೀಲದ ಕೆಳಗೆ ತುರುಕಿದ್ದೆ. ಅದು ಚೀಲದ ಕೆಳಗಿಂದಲೇ ಕೂಗಿತು: ‘ಎರಡು ಸಾವಿರದ ಐನೂರ ಐವತ್ತು ರೂಪಾಯಿ ಸ್ವೀಕರಿಸಲಾಗಿದೆ.’

ಮಾವನ ಮುಖ ಅರಳಿತು. ‘ನೋಡ್ಲಾ, ದೇವರು ದೊಡ್ಡೋನು. ಈ ಕೈಲಿ ಹೋಗಿದ್ದು ಆ ಕೈಲಿ ಬಂತು. ಯಾರೋ ಗಿರಾಕಿ ಸರಿಯಾಗಿ ಅಷ್ಟೇ...’

ಗೋಣಿಚೀಲ ನೋಡಿದ. ನನ್ನನ್ನ ನೋಡಿದ. ಹಿತ್ತಲಿಂದ ಅಜ್ಜಿ ಕೂಗಿದಳು:

‘ದುಡ್ಡು ಬಂತಾ ಮಗ? ಹಂಗಾದ್ರೆ ಆ ಹುಚ್ಚುಮುಂಡೇದಕ್ಕೆ ಬೇಗ ಬಂದು ಎತ್ಕೊಂಡು ಹೋಗು ಅನ್ನು.’

ಮಾವ ಹಿತ್ತಲಿಗೆ ಹೋದ. ರೇಷ್ಮೆ ಸೀರೆ ಇನ್ನೂ ಹಗ್ಗದ ಮೇಲಿತ್ತು. ಮೆಷಿನ್ನಿನ ಮುಚ್ಚಳ ಪೂರ್ತಿ ಎತ್ತಿದ. ಒಳಗೆ ಕೂತಿದ್ದ ಕೆಂಪು ಕೋಳಿ ಅವನನ್ನ ನೋಡಿತು, ಅವನು ಕೋಳಿಯನ್ನ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ನನ್ನ ಕೈ ತಾನಾಗೇ ಹುಬ್ಬು ಮುಟ್ಟಿಕೊಂಡಿತು.

‘ನಡೀಲಾ. ಹತ್ತು ಬಸ್ಸು. ಬ್ಯಾರನ್ನಿಗೆ.’

ಅಜ್ಜಿ ಅಡ್ಡ ಬಂದಳು. ‘ಯಾಕೆ? ಗಿರಾಕಿ ಯಾರಾದ್ರೂ ಚಾರ್ಜಿಗೆ ದೂರು ಹೇಳಿದ್ನಾ?’

‘ಹೇಳಿ... ಹೇಳ್ದಂಗೆ...’

‘ಯಾರವನು? ಕರಿ, ನಾನೂ ಮಖ ನೋಡ್ತೀನಿ. ತಾನೇ ತಂದ ಮೆಷಿನ್ನ ಮತ್ತೆ ಚಾರ್ಜು ಕೊಟ್ಟು ತಗೊಂಡೋನು ಯಾರು ಅಂತ ಊರೂ ನೋಡ್ಲಿ.’

ಕಾಂಪೌಂಡಿನ ಆಚೆ ಟೀ ಅಂಗಡಿಯೋನ ತಲೆ ಆಗಲೇ ಎದ್ದಿತ್ತು. ಮಾವ ಅದನ್ನ ನೋಡಿದ. ‘ಗಿರಾಕಿ ಯಾರೂ ದೂರು ಹೇಳಿಲ್ಲ ಬುಡವ್ವ’ ಅಂದ.

ನನ್ನ ಹುಬ್ಬು ಉಳಿದವು. ಅಜ್ಜಿ ಕೋಳಿ ಕೆಳಗೆ ನನ್ನ ಕೈ ಹಾಕಿಸಿ ಎರಡು ಮೊಟ್ಟೆ ತೆಗೆಸಿ ಮಾವನ ಅಂಗೈ ಮೇಲಿಟ್ಟಳು. ‘ಚಾರ್ಜು ಕೊಟ್ಟಿದೀಯ. ತಗೊ, ನಿನ್ನ ಕೊಸರು.’

ಮಾವ ಆ ಮೊಟ್ಟೆಗಳನ್ನ ನೋಡಿದ. ಆಮೇಲೆ ಮೆತ್ತಗೆ ಬಗ್ಗಿ, ಕೋಳಿಯನ್ನ ಒಂದು ಕೈಲಿ ಎತ್ತಿ ಹಿಡಿದು, ಅದರ ಕೆಳಗೆ ಇಣುಕಿ ನೋಡಿ ಕೇಳಿದ:

‘ಇಷ್ಟೇನಾ?’